ಕುದುರೆ ಹಿಡಿದವನು ಫೋಟೋದಲ್ಲಿಲ್ಲ

1937ರ ಮಾರ್ಚ್. ಆಗ ಇಟಲಿಯ ವಸಾಹತಾಗಿದ್ದ ಲಿಬಿಯಾದ ಟ್ರಿಪೋಲಿ. ಇಟಲಿಯ ಸರ್ವಾಧಿಕಾರಿ ಬೆನಿಟೊ ಮುಸೊಲಿನಿ ಕುದುರೆ ಮೇಲೆ ಕೂತು ಕತ್ತಿಯೊಂದನ್ನು ಆಕಾಶಕ್ಕೆ ಎತ್ತಿದ್ದಾನೆ. ಗದ್ದ ಮುಂದೆ, ಎದೆ ಅದಕ್ಕಿಂತ ಮುಂದೆ. ಕುದುರೆಯೂ ಪಾಪ, ಬಹಳ ಶಿಸ್ತಿನಿಂದ ನಿಂತಿದೆ. ಮೂಲ ಫೋಟೋದಲ್ಲಿ ಇನ್ನೊಬ್ಬ ಇದ್ದ. ಕುದುರೆ ಅಲುಗದ ಹಾಗೆ ಹಿಡಿದು ನಿಂತಿದ್ದ ಆಳು. ರೋಮ್ ಸಾಮ್ರಾಜ್ಯವನ್ನು ಮತ್ತೆ ಕಟ್ಟಲು ಹೊರಟವನ ಕುದುರೆಯನ್ನು ಇನ್ನೊಬ್ಬ ಹಿಡಿದುಕೊಳ್ಳಬೇಕು ಅಂದರೆ ಚೆನ್ನಾಗಿರಲ್ಲ, ಅಲ್ವಾ? ಆಳನ್ನು ಅಳಿಸಿಬಿಟ್ಟರು.

ಫ್ಯಾಸಿಸ್ಟ್ ಇಟಲಿಯ ವಿದೇಶಾಂಗ ನೀತಿ ಏನು ಅಂತ ಯಾರಾದರೂ ಕೇಳಿದರೆ ಈ ಫೋಟೋ ತೋರಿಸಿ ಸುಮ್ಮನಾಗಬಹುದು.

ಆದರೆ ಕತ್ತಿಯ ಕಥೆ ಬಿಡಬಾರದು. ಅದರ ಹೆಸರು ‘ಇಸ್ಲಾಮಿನ ಖಡ್ಗ’. ಲಿಬಿಯಾದ ಮುಸ್ಲಿಮರು ಪ್ರೀತಿಯಿಂದ ಕೊಟ್ಟ ಕಾಣಿಕೆಯಂತೆ. ಡೂಚೆ, ಅಂದರೆ ‘ನಾಯಕ’ ಅನ್ನಿಸಿಕೊಳ್ಳುತ್ತಿದ್ದ ಮುಸೊಲಿನಿ, ಅಂದಿನಿಂದ ಇಸ್ಲಾಮಿನ ರಕ್ಷಕ. ಕತ್ತಿ ತಯಾರಾಗಿದ್ದು ಮಾತ್ರ ಇಟಲಿಯ ಫ್ಲಾರೆನ್ಸ್‌ನಲ್ಲಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ತಾವೇ ತರಿಸಿಟ್ಟು, ವೇದಿಕೆ ಹತ್ತಿ ‘ಅಯ್ಯೋ, ಇದೆಲ್ಲಾ ಯಾಕೆ’ ಅನ್ನುವವರನ್ನು ನಾವೂ ನೋಡಿದ್ದೇವೆ. ಅವರು ಪರವಾಗಿಲ್ಲ. ಸನ್ಮಾನಕ್ಕೆ ಮೊದಲು ಸಭಿಕರನ್ನು ಮುಳ್ಳುತಂತಿಯೊಳಗೆ ಕೂಡಿ ಹಾಕುವುದಿಲ್ಲ. ಈ ಕತ್ತಿ ಎತ್ತುವುದಕ್ಕೆ ಏಳು ವರ್ಷ ಮೊದಲು ಲಿಬಿಯಾದ ಪೂರ್ವ ಭಾಗದಿಂದ ಸುಮಾರು 1 ಲಕ್ಷ ಜನರನ್ನು, ಮಕ್ಕಳುಮರಿ ಸಮೇತ, ಮರುಭೂಮಿಯ ಶಿಬಿರಗಳಿಗೆ ಅಟ್ಟಿದ್ದರು. ಹಸಿವು, ಕಾಯಿಲೆಗೆ ಸಾವಿರಗಟ್ಟಲೆ ಜನ ಸತ್ತರು. 1931ರಲ್ಲಿ 70 ದಾಟಿದ ಮುದುಕ, ಹೋರಾಟಗಾರ ಒಮರ್ ಮುಖ್ತಾರ್‌ನನ್ನು ಶಿಬಿರದ ಜನರ ಕಣ್ಣೆದುರೇ ನೇಣಿಗೆ ಹಾಕಿದರು. ಇಷ್ಟಾದ ಮೇಲೆ ಉಳಿದವರಿಗೆ ಒಬ್ಬ ರಕ್ಷಕ ಬೇಕೇ ಬೇಕಲ್ಲ. ಅವನೇ ಬಂದ, ಕತ್ತಿಯನ್ನೂ ತಂದ.

ಇದಕ್ಕೆ ಮುಂಚೆ, 1935ರ ಅಕ್ಟೋಬರ್ 3ರಂದು, ಇಥಿಯೋಪಿಯಾಕ್ಕೆ ನಾಗರಿಕತೆ ಕಲಿಸಲು ಸೈನ್ಯ ಹೊರಟಿತ್ತು. ಪಾಠ ಬೇಗ ತಲೆಗೆ ಹೋಗಲಿ ಅಂತ ವಿಮಾನದಿಂದ ವಿಷಾನಿಲ ಸುರಿದರು. ಆಗಿನ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ ಸಿಟ್ಟಾಗಿ ದಿಗ್ಬಂಧನ ಹೇರಿತು. ಇಟಲಿಯ ಮಾಲು ಕೊಳ್ಳಬೇಡಿ, ಸಾಲ ಕೊಡಬೇಡಿ, ಬಂದೂಕು ಮಾರಬೇಡಿ. ಪೆಟ್ರೋಲ್? ಅದು ಪಟ್ಟಿಯಲ್ಲಿಲ್ಲ. ಸೂಯೆಜ್ ಕಾಲುವೆ? ತೆರೆದೇ ಇತ್ತು, ಸುಂಕ ಕಟ್ಟಿ ಹೋಗಬಹುದು. ಕಳ್ಳನಿಗೆ ಬುದ್ಧಿ ಬರಲಿ ಅಂತ ಬೀಡಿ ಕೊಡುವುದನ್ನು ನಿಲ್ಲಿಸಿ, ಏಣಿಯನ್ನು ಬಾಡಿಗೆಗೆ ಕೊಟ್ಟ ಹಾಗಾಯಿತು.

ಅಷ್ಟಕ್ಕೇ ಮುಸೊಲಿನಿ ಮನೆಮನೆಯ ಚಿನ್ನ ಕೇಳಿದ. ಆ ಡಿಸೆಂಬರ್ 18ರಂದು ರೋಮ್‌ನಲ್ಲಿ ರಾಣಿ ಎಲೆನಾ ಮೊದಲು ಮದುವೆಯ ಉಂಗುರ ಬಿಚ್ಚಿ ಕೊಟ್ಟಳು. ಹಿಂದೆ ಹೆಂಗಸರ ಸಾಲು. ಒಬ್ಬೊಬ್ಬರೂ ಬೆರಳಿನಿಂದ ಚಿನ್ನ ತೆಗೆದು ಹಾಕುವುದು, ಬದಲಿಗೆ ಒಂದು ಕಬ್ಬಿಣದ ಉಂಗುರ ತೊಟ್ಟು ಹೊರಡುವುದು. ದೇಶಕ್ಕೆ ಚಿನ್ನ ಕೊಟ್ಟ ನೆನಪಿಗೆ ಅದರ ಮೇಲೆ ತಾರೀಖೂ ಕೆತ್ತಿತ್ತು. ಗಂಡ ತೊಡಿಸಿದ್ದು ಹೋಯ್ತು, ಸರ್ಕಾರ ತೊಡಿಸಿದ್ದು ಉಳಿಯಿತು. ಮುಂದಿನ ಮೇ ತಿಂಗಳಲ್ಲಿ ಬಾಲ್ಕನಿಯಿಂದ ಸಾಮ್ರಾಜ್ಯದ ಘೋಷಣೆ. ರೋಮ್‌ನ ಗೋಡೆಯೊಂದರಲ್ಲಿ ಹಳೇ ರೋಮ್ ಬೆಳೆದ ಬಗೆ ತೋರಿಸುವ ನಾಲ್ಕು ಅಮೃತಶಿಲೆ ನಕ್ಷೆ ಇದ್ದವು. ಪಕ್ಕದಲ್ಲಿ ಐದನೆಯದು ಬಂತು: ಡೂಚೆಯ ಸಾಮ್ರಾಜ್ಯ. ನಡುವಿನ ಒಂದೂವರೆ ಸಾವಿರ ವರ್ಷ ಎಲ್ಲಿ ಹೋಯ್ತು ಅಂತ ಯಾರೂ ಕೇಳಲಿಲ್ಲ.

ಸಾಮ್ರಾಜ್ಯ ಅಂದಮೇಲೆ ಸೈನ್ಯ ಜಾಸ್ತಿ ಬೇಕು. 80 ಲಕ್ಷ ಬಯೋನೆಟ್, ಅಂದರೆ ಅಷ್ಟು ಸೈನಿಕರು, ಇದೆ ಅಂತ ಡೂಚೆ ಹೇಳಿಕೊಂಡು ತಿರುಗುತ್ತಿದ್ದ. ಸೈನಿಕರ ಕೈಯಲ್ಲಿದ್ದ ಮುಖ್ಯ ರೈಫಲ್ ಮಾತ್ರ 1891ರ ಮಾದರಿಯದು. ಆಗ ಅವನ ಸೇನಾಧಿಕಾರಿಗಳಿಗೆ ಒಂದು ಸುಲಭದ ಉಪಾಯ ಹೊಳೆಯಿತು. ಸೇನೆಯ ದೊಡ್ಡ ತುಕಡಿಯಾದ ಒಂದು ಡಿವಿಜನ್‌ನಲ್ಲಿ ಮೂರು ರೆಜಿಮೆಂಟ್, ಅಂದರೆ ಮೂರು ಸಣ್ಣ ತುಕಡಿ, ಇರುತ್ತಿತ್ತು. ಇನ್ನು ಎರಡೇ ಸಾಕು ಅಂದರು. ಒಬ್ಬನೇ ಒಬ್ಬ ಹೊಸ ಸೈನಿಕ ಬೇಡ, ಡಿವಿಜನ್‌ಗಳ ಸಂಖ್ಯೆ ಏರಿತು! ನೆಂಟರು ಜಾಸ್ತಿಯಾದಾಗ ಸಾರಿಗೆ ನೀರು ಬೆರೆಸುವ ಗೃಹಿಣಿ ಕೂಡ ‘ಈಗ ಸಾರು ಎರಡರಷ್ಟಾಯ್ತು’ ಅಂತ ಬಾಲ್ಕನಿಯಲ್ಲಿ ಭಾಷಣ ಮಾಡುವುದಿಲ್ಲ.

1939ರ ಮೇ 22ರಂದು ಬರ್ಲಿನ್‌ನಲ್ಲಿ ಹಿಟ್ಲರ್ ಜೊತೆ ‘ಉಕ್ಕಿನ ಒಪ್ಪಂದ’. ಸಹಿ ಹಾಕಿದ್ದು ವಿದೇಶಾಂಗ ಮಂತ್ರಿ ಚಾನೊ. ಡೂಚೆಯ ಅಳಿಯ, ಬೇರೆ ಅರ್ಹತೆ ಯಾಕೆ ಬೇಕು? ಒಬ್ಬರು ಯುದ್ಧಕ್ಕಿಳಿದರೆ ಇನ್ನೊಬ್ಬರು ಕಣ್ಣುಮುಚ್ಚಿಕೊಂಡು ಹಿಂದೆ ಬರಬೇಕು ಅನ್ನುವ ಷರತ್ತು. ಮೂರೇ ತಿಂಗಳಿಗೆ ಹಿಟ್ಲರ್ ‘ಪೋಲೆಂಡಿಗೆ ಹೊರಟೆ, ಬಾ’ ಅಂದ. ರೋಮ್‌ನಲ್ಲಿ ಎಲ್ಲರ ಹೊಟ್ಟೆಯೂ ತೊಳಸಿತು. ಒಲ್ಲೆ ಅಂದರೆ ಮರ್ಯಾದೆ ಹೋಗುತ್ತದೆ. ಆಗಸ್ಟ್ 26ರಂದು ಕೂತು ಒಂದು ಸಾಮಾನಿನ ಪಟ್ಟಿ ಬರೆದರು. ಬರುತ್ತೇವೆ, ಆದರೆ ಮೊದಲು ಇಷ್ಟು ಕಳಿಸಿ: ಕಲ್ಲಿದ್ದಲು 60 ಲಕ್ಷ ಟನ್, ಉಕ್ಕು 20 ಲಕ್ಷ ಟನ್, ಪೆಟ್ರೋಲ್ 70 ಲಕ್ಷ ಟನ್. ಜೊತೆಗೆ ಉಕ್ಕನ್ನು ಗಟ್ಟಿ ಮಾಡುವ ಲೋಹ ಮಾಲಿಬ್ಡಿನಮ್ 600 ಟನ್. ಸಾಗಿಸಲು 17,000 ರೈಲು ಬೇಕಿತ್ತು. ಓದಲು ಬಂದರೆ ಗೂಳಿಯೂ ಈ ಪಟ್ಟಿ ನೋಡಿ ಸತ್ತುಹೋದೀತು ಅಂತ ಚಾನೊ ಡೈರಿಯಲ್ಲಿ ಬರೆದುಕೊಂಡ. ಯಾವಾಗ ಬೇಕು ಅಂತ ಜರ್ಮನರು ಕೇಳಿದಾಗ ಇಟಲಿಯ ರಾಯಭಾರಿ ‘ಯುದ್ಧ ಶುರುವಾಗುವ ಮೊದಲೇ’ ಅಂದುಬಿಟ್ಟ. ಇಡೀ ಕಥೆಯಲ್ಲಿ ನನಗೆ ಇಷ್ಟವಾದ ಮನುಷ್ಯ ಇವನೊಬ್ಬನೇ.

ಉಕ್ಕಿನ ಒಪ್ಪಂದಕ್ಕೆ ಸಹಿ ಹಾಕಿದವರ ಮನೆಯಲ್ಲಿ ಉಕ್ಕೇ ಇರಲಿಲ್ಲ. ಇದ್ದಿದ್ದನ್ನು ಹೆಂಗಸರ ಬೆರಳಿಗೆ ತೊಡಿಸಿದ್ದರೋ ಏನೋ.

ಹಾಗಂತ ಇಟಲಿ ತಟಸ್ಥವಾಗಲಿಲ್ಲ. ತಟಸ್ಥ ಅನ್ನುವುದು ಹೇಡಿಗಳ ಪದ. ‘ಯುದ್ಧ ಮಾಡದ ಮಿತ್ರ’ ಅಂತ ಹೊಸ ಪದವಿ ಹುಟ್ಟಿಸಿಕೊಂಡಿತು. ಒಂಬತ್ತು ತಿಂಗಳು ಹೀಗೇ ಕಳೆದು, ಫ್ರಾನ್ಸ್ ಇನ್ನೇನು ಮುಗೀತು ಅನ್ನುವಾಗ, 1940ರ ಜೂನ್‌ನಲ್ಲಿ, ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನ ಹಾಗೆ ಯುದ್ಧಕ್ಕಿಳಿಯಿತು.

1937ರ ಅದೇ ಪ್ರವಾಸದಲ್ಲಿ ಡೂಚೆ ಲಿಬಿಯಾದ ಉದ್ದಕ್ಕೂ ಹೋಗುವ ಕರಾವಳಿ ಹೆದ್ದಾರಿಯನ್ನು ಉದ್ಘಾಟಿಸಿದ್ದ. ಒಳ್ಳೇ ರಸ್ತೆ. 1941ರ ಹೊತ್ತಿಗೆ ಬ್ರಿಟಿಷರ ಕಡೆಯ ಸೈನ್ಯಕ್ಕೂ ಅದು ಉಪಯೋಗಕ್ಕೆ ಬಂತು. ಆ ಫೆಬ್ರವರಿಯೊಳಗೆ ಈಜಿಪ್ಟ್, ಲಿಬಿಯಾಗಳಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಸುಮಾರು 1,30,000. ಸೆರೆಯಾಳುಗಳಲ್ಲಿ ಒಂದಷ್ಟು ಜನರನ್ನು ಹಡಗು ಹತ್ತಿಸಿ ನಮ್ಮ ಬೆಂಗಳೂರಿಗೂ ತಂದರು, ಜಾಲಹಳ್ಳಿ ಕಡೆಯ ಶಿಬಿರಗಳಿಗೆ. ಅಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರು. ಒಬ್ಬನನ್ನು ಒಂದೇ ಸಲ.