ಪೆನ್‌ಡ್ರೈವಿನ ಹಣೆಬರಹ

ಮೇ ತಿಂಗಳ ಐತವಾರ. ಹೊರಗೆ 43 ಡಿಗ್ರಿ. ಕಲಬುರಗಿಯಲ್ಲಿ ಅಂಥ ಮಧ್ಯಾಹ್ನ ರಸ್ತೆಗಿಳಿಯುವವರು ಎರಡೇ ಬಗೆಯವರು: ಬೀಗರ ಮನೆಯ ಲಗ್ನ ತಪ್ಪಿಸಲಾಗದವರು ಮತ್ತು ಕೊಟ್ಟ ಸಾಲ ತಿರುಗಿ ಕೇಳಲು ಹೊರಟವರು. ನನಗೆ ಎರಡೂ ಇರಲಿಲ್ಲ. ಕೂಲರಿನ ಮುಂದೆ ಚಾಪೆ ಹಾಸಿಕೊಂಡು, ಮೇಜಿನ ಖಾನೆಯನ್ನು ಪೂರಾ ಹೊರಗೆಳೆದು ಬೋರಲು ಹಾಕಿದೆ. ಸತ್ತ ಸೆಲ್ಲುಗಳು, ಕೀಲಿ ಕಳೆದ ಬೀಗ, ಬೀಗ ಕಳೆದ ಕೀಲಿ, ಅವುಗಳ ನಡುವೆ ಪೆನ್‌ಡ್ರೈವುಗಳು. ಎಣಿಸಿದೆ. 23.

ಇಷ್ಟನ್ನೂ ನಾನು ಕೊಂಡವನಲ್ಲ. ಕೊಂಡದ್ದು ನಾಲ್ಕೋ ಐದೋ. ಉಳಿದವು ಜಾತ್ರೆಗೆ ಬಂದ ನೆಂಟರಂತೆ ತಾವಾಗಿ ಬಂದು ಉಳಿದವು. ವಿಚಾರ ಸಂಕಿರಣಗಳ ಕೈಚೀಲದಲ್ಲಿ ಪೆನ್ನಿನ ಜೊತೆ ಬಂದವು ಆರು. ಹುಡುಗರು ಸೆಮಿನಾರ್ ದಿವಸ ಕಾಲೇಜಿನ ಕಂಪ್ಯೂಟರಿಗೆ ಚುಚ್ಚಿ, ಮಾತು ಮುಗಿದ ಖುಷಿಯಲ್ಲಿ ಮರೆತುಹೋದವು ಏಳು. ಆ ಹುಡುಗರು ಡಿಗ್ರಿ ಮುಗಿಸಿ, ನೌಕರಿ ಹಿಡಿದು, ಲಗ್ನದ ಕಾರ್ಡು ಕೊಡಲು ಮನೆಗೆ ಬಂದರೂ ಪೆನ್‌ಡ್ರೈವಿನ ಮಾತು ಎತ್ತುವುದಿಲ್ಲ. ಹೆಂಡತಿಯ ತಮ್ಮನ ಲಗ್ನದ್ದೊಂದು ಮಖಮಲ್ಲಿನ ಡಬ್ಬಿಯಲ್ಲಿ ಬಂದದ್ದು. ಕಟ್ಟಿಗೆಯ ಮೈಮೇಲೆ ವಧೂವರರ ಹೆಸರು ಕೆತ್ತಿಸಿದ್ದಾರೆ. ಈ ಗುಂಪಿನಲ್ಲಿ ಲಕ್ಷಣವಾಗಿ ಹೆಸರು ಬರೆಸಿಕೊಂಡಿರುವುದು ಅದೊಂದೇ. ಇದುವರೆಗೆ ಯಾರೂ ಒಳಗೆ ಇಣುಕಿ ನೋಡದಿರುವುದೂ ಅದೊಂದೇ.

ಹಿಂದಿನ ದಿನ ಒಂದು ಹಳೆಯ ಕಡತ ಬೇಕಾಗಿ, ಆ ಲಗ್ನದ್ದೊಂದನ್ನು ಬಿಟ್ಟು ಉಳಿದ 22ನ್ನೂ ಒಂದಾದಮೇಲೊಂದು ಚುಚ್ಚಿ ನೋಡಿದ್ದೆ. ನಮ್ಮ ಗಂಜಿನ, ಅಂದರೆ ಕಾಳಿನ ಪೇಟೆಯ, ಅಡತಿ ಅಂಗಡಿಗಳಲ್ಲಿ ತೊಗರಿ ಚೀಲದ ಬಾಯಿ ಬಿಚ್ಚದೆಯೇ ಚೂಪು ಕೊಳವೆ ಚುಚ್ಚಿ ಒಂದು ಮುಷ್ಟಿ ಕಾಳು ತೆಗೆಯುತ್ತಾರಲ್ಲ, ಹಾಗೆ. ಅವರಾದರೂ ಅಂಗೈ ಮೇಲಿನ ನಾಲ್ಕು ಕಾಳು ನೋಡಿ ಇಡೀ ಚೀಲದ ದರ ಹೇಳುತ್ತಾರೆ. ಪೆನ್‌ಡ್ರೈವಿನ ನಾಲ್ಕು ಕಾಳು ಏನನ್ನೂ ಹೇಳುವುದಿಲ್ಲ. ಮೇಲೆ ‘ನ್ಯೂ ಫೋಲ್ಡರ್’, ಅದರೊಳಗೆ ಇನ್ನೊಂದು ‘ನ್ಯೂ ಫೋಲ್ಡರ್’. ಕಡತ ಸಿಗಲಿಲ್ಲ. ಅವತ್ತೇ ಶಪಥ ಮಾಡಿದೆ: ನಾಳೆ ಎಲ್ಲಕ್ಕೂ ಚೀಟಿ ಅಂಟಿಸಿಯೇ ತೀರುವೆ.

ಹಾಗಂತ ಹಿಂದೆ ಚೀಟಿ ಅಂಟಿಸಿರಲಿಲ್ಲವೆಂದಲ್ಲ. ಮೂರಕ್ಕೆ ನನ್ನದೇ ಕೈಬರಹದ ಚೀಟಿಗಳಿದ್ದವು. ಒಂದರ ಮೇಲೆ ‘ಹೊಸಾದು’. ಅದು ಇದ್ದುದರಲ್ಲೇ ಅತ್ಯಂತ ಹಳೆಯದು, ಮೂತಿ ತುಕ್ಕು ಹಿಡಿದಿತ್ತು. ನಮ್ಮೂರಲ್ಲಿ ಎಂಬತ್ತು ದಾಟಿದ ಮುತ್ಯಾನನ್ನು ಈಗಲೂ ಸಣ್ಣಪ್ಪ ಎಂದೇ ಕರೆಯುತ್ತಾರೆ, ಅಂಥದೇ ಲೆಕ್ಕ. ಇನ್ನೊಂದರ ಮೇಲೆ ‘ಕೊಡಬ್ಯಾಡ’. ಯಾರಿಗೆ, ಯಾಕೆ ಎಂಬುದು ನನಗೇ ನೆನಪಿಲ್ಲ. ಒಳಗಿದ್ದದ್ದು ಯಾರದೋ ತೊಟ್ಟಿಲ ಕಾರ್ಯದ 40 ಫೋಟೊ. ಆ ಕೂಸೂ ಗೊತ್ತಾಗಲಿಲ್ಲ.

ಮೂರನೆಯದು ‘ಅರ್ಜೆಂಟ್’. ಎದೆ ಸ್ವಲ್ಪ ಧಸಕ್ಕೆಂದಿತು. ತೆರೆದರೆ ಒಂದೇ ಒಂದು ಕಡತ, ಅದೂ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ್ದು. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂಡಿಸಿದ್ದವು. ಫಾಂಟು ಇರುವ ತನಕ ಕನ್ನಡ; ಫಾಂಟು ಇಲ್ಲದ ಯಂತ್ರದಲ್ಲಿ ಬಾಡಿಗೆದಾರ ಎದ್ದುಹೋಗಿ ಮನೆಯ ಮಾಲಕನೇ ಬಾಗಿಲಲ್ಲಿ ನಿಲ್ಲುತ್ತಾನೆ. ತೆರೆ ತುಂಬ ತಲೆಗೆ ಟೊಪಗಿ, ಕಾಲಿಗೆ ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು. ಅದನ್ನು ಯೂನಿಕೋಡಿಗೆ ತಿರುಗಿಸಲು ಮುಕ್ಕಾಲು ತಾಸು ಹಿಡಿಯಿತು. ಬೆವರೊರೆಸಿಕೊಂಡು ಓದಿದೆ. 2012ರ ಕಾಲೇಜು ವಾರ್ಷಿಕೋತ್ಸವದ ಶಾಮಿಯಾನಾ ಮತ್ತು 300 ಕುರ್ಚಿಗಳ ಬಾಡಿಗೆಯ ಕೊಟೇಶನ್.

ಚೀಟಿ ಅಂಟಿಸಲು ಕೂತ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಅಂಟಿಸುವುದೆಲ್ಲಿ? ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಬರೀ ಒಂದು ತಾಸಿನ ಹಾಡು. ಆದರೆ ಅದರ ಡಬ್ಬಿಯಲ್ಲಿ ಗೆರೆ ಎಳೆದ ಕಾರ್ಡು, ಎ ಬದಿ, ಬಿ ಬದಿ, ಹಾಡಿಗೊಂದು ಸಾಲು. ತತ್ವಪದ, ರಿವಾಯತ್ ಪದ, ಗೀಗೀ ಪದ ಎಂದು ನಾನು ಮೂರು ಬಣ್ಣದ ಶಾಯಿಯಲ್ಲಿ ಬರೆಯುತ್ತಿದ್ದೆ. ಫ್ಲಾಪಿಗೆ ಹಿಡಿಯುತ್ತಿದ್ದದ್ದು 1.44 ಎಂಬಿ, ಇವತ್ತಿನ ಮೊಬೈಲಿನ ಒಂದು ಫೋಟೊ ಕೂಡ ಅದರಲ್ಲಿ ಕಾಲು ಚಾಚಲಾರದು. ಆದರೂ ಎದೆಯ ಅರ್ಧ ಭಾಗ ಚೀಟಿಗೆಂದೇ ಮೀಸಲು. ಸೀಡಿಗಂತೂ ಇಡೀ ಬೆನ್ನೇ ಇತ್ತು. ಪೆನ್‌ಡ್ರೈವು? 32 ಜಿಬಿಯದೊಂದು ಅಂಥ 21,000ಕ್ಕೂ ಹೆಚ್ಚು ಫ್ಲಾಪಿಗಳನ್ನು ನುಂಗಿ ಕೂತಿರುತ್ತದೆ; ಬರೆಯಲು ಜಾಗ ಹೆಬ್ಬೆರಳಿನ ಉಗುರಿನಷ್ಟು, ಅಲ್ಲಿಯೂ ಕಂಪನಿಯವರು ಮೊದಲೇ ಬಂದು ತಮ್ಮ ಹೆಸರು ಬರೆದುಕೊಂಡಿರುತ್ತಾರೆ. 2000ನೇ ಇಸವಿಯ ಹೊತ್ತಿಗೆ ಪೇಟೆಗೆ ಬಂದ ಮೊದಮೊದಲಿನವು 8 ಎಂಬಿಯವು. ಆರು ಫ್ಲಾಪಿ ತುಂಬಿದರೆ ಹೊಟ್ಟೆ ಒಡೆಯುತ್ತಿತ್ತು. ಅಲ್ಲಿಂದ ಹೊಟ್ಟೆ ಬೆಳೆದಷ್ಟೂ ಹಣೆ ಸಣ್ಣದಾಗುತ್ತ ಬಂತು. ಹಣೆಯೇ ಇಲ್ಲದವಕ್ಕೆ ಹಣೆಬರಹ ಬರೆಯಲು ನಾನು ಕೂತಿದ್ದೆ.

ಮೊದಲು ಕಾಗದದ ಅಂಟುಚೀಟಿ ತಂದೆ, ಮಕ್ಕಳ ನೋಟ್‌ಬುಕ್ಕಿಗೆ ಹಚ್ಚುವಂಥದು. ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಇರುವೆ ಗಾತ್ರದ ಅಕ್ಷರದಲ್ಲಿ ಬರೆದು ಹಚ್ಚಿದೆ. ನಮ್ಮ ಬಿಸಿಲು ಆ ಅಂಟಿನ ಕಂಪನಿಯವರ ಲೆಕ್ಕದಲ್ಲಿ ಇದ್ದಂತಿಲ್ಲ. ಸಂಜೆಯ ಹೊತ್ತಿಗೆ ಅಂಟು ಕರಗಿ ಚೀಟಿಗಳು ಜಾರಿ, ‘ಪ್ರಶ್ನೆಪತ್ರಿಕೆ’ ಹೋಗಿ ‘ಭಜನಿ ಪದ’ದ ಬೆನ್ನಿಗೆ ಹತ್ತಿತ್ತು. ಮಾರ್ಕರಿನಲ್ಲಿ ನೇರ ಮೈಮೇಲೆಯೇ ಬರೆದೆ. ಸ್ವಲ್ಪ ಹೊತ್ತು ಕಿಸೆಯಲ್ಲಿ ಓಡಾಡಿಸಿದ್ದಕ್ಕೆ ಬೆವರಿಗೆ ಅಳಿಸಿ, ಬರಹ ಅಂಗಿಯ ಕಿಸೆಯಲ್ಲಿ ಉಳಿಯಿತು.

ಆಮೇಲೆ ದಾರದ ಉಪಾಯ. ಬಹುಪಾಲು ಪೆನ್‌ಡ್ರೈವಿಗೆ ಬಾಲದಲ್ಲೊಂದು ತೂತು ಇರುತ್ತದೆ. ಕಾಲೇಜಿನವಕ್ಕೆ ಕೆಂಪು, ಮನೆಯವಕ್ಕೆ ಹಸಿರು, ಹಾಡಿನವಕ್ಕೆ ಹಳದಿ, ಯಾರವೆಂದು ಗೊತ್ತಿಲ್ಲದವಕ್ಕೆ ಕಪ್ಪು. ಕಟ್ಟಿ ಸಾಲಾಗಿ ಮಲಗಿಸಿದ್ದೆ. ಅವ್ವ ನೀರಿನ ಚರಗಿ ಹಿಡಿದು ಬಂದವಳು ನಿಂತು ನೋಡಿದಳು.

“ಯಾವ ದರ್ಗಾದಾಗ ಕಟ್ಟಿಸ್ಕೊಂಡು ಬಂದಿ ತಮ್ಮಾ, ಇಷ್ಟು ತಾಯತ?”

“ತಾಯತ ಅಲ್ಲವ್ವಾ. ಯಾವ್ದರಾಗ ಏನದ ಅಂತ ಗುರ್ತಾ ಸಿಗಲಿ ಅಂತ.”

“ಅದಕ್ಕ ದಾರ ಯಾಕ ಬೇಕು? ಒಳಗ ಏನದ ಅನ್ನೋದು ನಿನಗ ಗೊತ್ತಿರಬೇಕಪಾ, ದಾರಕ್ಕೇನು ಗೊತ್ತು?”

ತಾಯತ ಅಂದದ್ದು ಪೂರ್ತಿ ಸುಳ್ಳೂ ಅಲ್ಲ. ಈ ಪೆನ್‌ಡ್ರೈವುಗಳಿಗೆ ದೃಷ್ಟಿಯಾಗುವ ಜಾಗವೆಂದರೆ ಝೆರಾಕ್ಸ್ ಅಂಗಡಿ. ದಿನಕ್ಕೆ ನೂರು ಜನರದ್ದು ಚುಚ್ಚಿಸಿಕೊಂಡ ಅಲ್ಲಿನ ಕಂಪ್ಯೂಟರಿನಿಂದ ಹೊರಬಂದರೆ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ಟುಗಳು ಸಾಲಾಗಿ ನಿಂತಿರುತ್ತವೆ. ನಿಜವಾದವು ಎಲ್ಲಿಯೂ ಹೋಗಿರುವುದಿಲ್ಲ, ವೈರಸ್ಸು ಅವನ್ನು ಮರೆಮಾಡಿರುತ್ತದೆ. ಗಾಬರಿಯಾಗಿ ನಿಂತರೆ ಅಂಗಡಿಯ ಹುಡುಗ, “ಏನೂ ಆಗಂಗಿಲ್ಲ ಸರ್ರ, ಒಳಗೇ ಕುಂತಾವ” ಎಂದು ಕಪ್ಪು ಕಿಂಡಿಯಲ್ಲಿ ಒಂದು ಸಾಲು ಟೈಪ್ ಮಾಡುತ್ತಾನೆ. ತುಟಿ ಅಲುಗಾಡಿಸಿಕೊಂಡೇ ಟೈಪ್ ಮಾಡುತ್ತಾನೆ, ಥೇಟ್ ಮಂತ್ರ. ಫೋಲ್ಡರುಗಳು ತಿರುಗಿ ಬರುತ್ತವೆ. ಮಂತ್ರಕ್ಕೆ ಹತ್ತು ರೂಪಾಯಿ ದಕ್ಷಿಣೆ, ಪ್ರಿಂಟಿನ ರೊಕ್ಕ ಬ್ಯಾರೆ.

ಮೈಮೇಲೆ ಬರೆಯುವುದು ಆಗದಿದ್ದರೆ ಒಳಗಾದರೂ ಬರೆಯೋಣವೆಂದು ಕಂಪ್ಯೂಟರಿನಲ್ಲೇ ಹೆಸರಿಡಲು ಹೊರಟೆ. ಯಂತ್ರ ತಾನಾಗಿ ಕೊಡುವ ಹೆಸರು ‘ಇ’ ಅಥವಾ ‘ಎಫ್’. ‘ಎ’ ಮತ್ತು ‘ಬಿ’ ಫ್ಲಾಪಿಗಳಿಗೆ ಮೀಸಲು. ಫ್ಲಾಪಿ ತೀರಿಕೊಂಡು ಎಷ್ಟು ವರ್ಷವಾದರೂ ಆ ಎರಡು ಕುರ್ಚಿಯಲ್ಲಿ ತಾವಾಗಿ ಯಾರೂ ಕೂರುವುದಿಲ್ಲ. ವಾಡೆಯ ಪಡಸಾಲೆಯಲ್ಲಿ ಹಿರಿಯರ ಗಾದಿ ಖಾಲಿ ಇಟ್ಟ ಹಾಗೆ. ಇದು ನನಗೆ ಹಿಡಿಸಿತು.

ಹಿಡಿಸದಿದ್ದದ್ದು ಅಕ್ಷರಗಳ ಲೆಕ್ಕ. ಪೆನ್‌ಡ್ರೈವಿಗೆ ಹೆಸರಿಡಲು 11 ಅಕ್ಷರ ಮಾತ್ರ. ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಹಳೆಯ ಪದ್ಧತಿಯವು ಕನ್ನಡವನ್ನು ಹೊಸ್ತಿಲು ದಾಟಿಸುವುದೇ ಇಲ್ಲ, ಇಂಗ್ಲಿಷ್ ಬರೆದರೂ ಎಲ್ಲವನ್ನೂ ದೊಡ್ಡಕ್ಷರ ಮಾಡಿ ಕೂಗುತ್ತವೆ. ಅಪ್ಪನ, ಅಂದರೆ ನಮ್ಮೂರಿನ ಶರಣಬಸವೇಶ್ವರರ, ಜಾತ್ರೆಯದೊಂದು ಪೆನ್‌ಡ್ರೈವು ಇತ್ತು. ತೇರು ಎಳೆಯುವ ವಿಡಿಯೊ 4 ಜಿಬಿ ದಾಟಿದ್ದರಿಂದ, ಅಷ್ಟು ದೊಡ್ಡ ಕಡತ ಫ್ಯಾಟ್32ಕ್ಕೆ ಹಿಡಿಸದೆ, ವಿಡಿಯೊ ಹುಡುಗ ಅದನ್ನು ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಗೆ ಬದಲಿಸಿಕೊಟ್ಟಿದ್ದ. ಎಕ್ಸ್‌ಫ್ಯಾಟಿಗೆ ಕನ್ನಡ ನಡೆಯುತ್ತದೆ. ‘ಶರಣಬಸವೇಶ್ವರ ಜಾತ್ರೆ’ ಎಂದು ಬರೆಯಲು ಶುರುಮಾಡಿದೆ. ನಮ್ಮ ಕಣ್ಣಿಗೆ ‘ಶರಣಬಸವೇಶ್ವರ’ ಎಂಟು ಅಕ್ಷರ. ಯಂತ್ರ ಹಾಗೆ ಎಣಿಸುವುದಿಲ್ಲ. ‘ವೇ’ ಅಂದರೆ ವಕಾರಕ್ಕೊಂದು, ದೀರ್ಘಕ್ಕೊಂದು. ‘ಶ್ವ’ ಅಂದರೆ ಶಕಾರ, ನಡುವಿನ ಅರ್ಧದ ಗುರುತು, ವಕಾರ, ಒಟ್ಟು ಮೂರು. ಕೂಡಿಸಿದರೆ ಸರಿಯಾಗಿ 11. ಮುಂದೆ ಒಂದು ಕೊಂಬಿಗೂ ಜಾಗವಿಲ್ಲ. ಶರಣರು ಒಳಗೆ ಬಂದರು, ತೇರು ಹೊರಗೇ ನಿಂತಿತು.

ಸಾಕಷ್ಟು ಜಾಗವಿದ್ದು ಬರೆದವರ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. ಹುಡುಗರನ್ನು ಕರೆದುಕೊಂಡು ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗೆ ಹೋದಾಗಲೆಲ್ಲ ಆ ಬೌದ್ಧ ಸ್ತೂಪದ ಕೆತ್ತನೆಯ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಕಲ್ಲಿನಲ್ಲಿ ರಾಜ, ರಾಣಿ, ಚಾಮರ ಬೀಸುವವರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: ‘ರಾಯೋ ಅಸೋಕೋ’. ಆ ಎರಡು ಪದ ಇರದಿದ್ದರೆ ಅವನು ಯಾವನೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಕೆತ್ತಿದವನು ‘ರಾಜ, ಹೊಸಾದು’ ಎಂದು ಬರೆಯಲಿಲ್ಲ. ಬುದ್ಧಿವಂತ. ಅದೇ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ ಮೂರ್ತಿಯ ಕೆಳಗಿನ ಪೀಠವೇ ಅಶೋಕನ ಶಾಸನವೆಂದು ಗೊತ್ತಾಯಿತು. ಯಾವ ಕಾಲದಲ್ಲೋ ಯಾರೋ ಆ ಲಿಪಿ ಓದಲು ಬಾರದವರು, ಚಪ್ಪಡಿ ಸಪಾಟಾಗಿದೆ, ನಡುವೆ ತೂತು ಕೊರೆದರೆ ಪೀಠಕ್ಕೆ ಆಗುತ್ತದೆ ಎಂದುಕೊಂಡಿರಬೇಕು. ಅವರನ್ನು ಬೈಯಲು ನನಗೆ ಬಾಯಿಲ್ಲ. ಯಾರದೋ ಎಂಟು ತಿಂಗಳ ಪ್ರಾಜೆಕ್ಟಿದ್ದ ಪೆನ್‌ಡ್ರೈವನ್ನು ‘ಇದರಾಗ ಏನೂ ಇಲ್ಲ’ ಎಂದು ಫಾರ್ಮ್ಯಾಟ್ ಹೊಡೆದು ಅಡುಗೆಯ ವಿಡಿಯೊ ತುಂಬಿದವನು ನಾನು.

ಊರಿಗೂ ಚೀಟಿ ಬದಲಾಯಿತಲ್ಲ, 2014ರ ನವೆಂಬರ್ 1ಕ್ಕೆ. ನನ್ನ ಹಳೆಯ ಕಡತಗಳಲ್ಲಿ ‘ಗುಲಬರ್ಗಾ’, ಹೊಸವುಗಳಲ್ಲಿ ‘ಕಲಬುರಗಿ’. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಒಳಗಿನ ಸಾಮಾನು ಮಾತ್ರ ಅದೇ ಬಿಸಿಲು, ಅದೇ ಧೂಳು, ಅದೇ ಸೂಪರ್ ಮಾರ್ಕೆಟ್ಟಿನ ಗದ್ದಲ.

ಅಂದಹಾಗೆ ಈ ಪೆನ್‌ಡ್ರೈವಿನೊಳಗಿನ ‘ಫ್ಲ್ಯಾಷ್’ ಸ್ಮರಣೆಗೆ ಆ ಹೆಸರು ಬಂದದ್ದು ನೆನಪಿಡುವ ಗುಣದಿಂದಲ್ಲ, ಅಳಿಸುವ ಗುಣದಿಂದ. 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುಒಕಾ ಇದನ್ನು ಕಂಡುಹಿಡಿದಾಗ, ಒಮ್ಮೆಗೇ ಎಲ್ಲ ಅಳಿಸಿಹೋಗುವುದನ್ನು ನೋಡಿದ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಷ್ ನೆನಪಾಯಿತಂತೆ. ಮೂಲದವರೇ ಹೀಗೆ ಹೆಸರಿಟ್ಟ ಮೇಲೆ ನನ್ನ ಚೀಟಿಗಳನ್ನು ಯಾರು ಕೇಳಬೇಕು?

ಆ ಐತವಾರ ಮುಗಿಯುವ ಹೊತ್ತಿಗೆ ಲೆಕ್ಕ ಹೀಗಿತ್ತು. ಹೆಂಡತಿ ಬಿಟ್ಟುಕೊಟ್ಟ ಹಳೆಯ ಮಸಾಲೆ ಡಬ್ಬಿಯ ಏಳು ಬಟ್ಟಲಿನಲ್ಲಿ ಪೆನ್‌ಡ್ರೈವುಗಳು ಹಂಚಿಕೊಂಡು ಕೂತವು. ಕಾಲೇಜಿನವು ನಾಲ್ಕು, ಮನೆಯವು ಮೂರು, ಹಾಡಿನವು ಎರಡು, ಶರಣಬಸವೇಶ್ವರ, ಮಖಮಲ್ಲಿನ ಲಗ್ನ. ಉಳಿದವು ‘ಇತರೆ’. ಸಭೆಯ ಕಾರ್ಯಸೂಚಿಯಲ್ಲಿ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂದಿರುತ್ತದಲ್ಲ, ನಿಜವಾದ ಜಗಳವೆಲ್ಲ ಅಲ್ಲೇ ಇರುವಂತೆ, ಈ ಬಟ್ಟಲೂ ಉಕ್ಕಿ ಮುಚ್ಚಳ ಕೂರದಂತಾಯಿತು. ಸಾಸಿವೆಯ ವಾಸನೆ ಇನ್ನೂ ಹೋಗಿಲ್ಲ.

ಇತರೆಯಲ್ಲಿ ಒಂದು ಮಾತ್ರ ನಿಜಕ್ಕೂ ಬರಿದಾಗಿತ್ತು. ಅದರ ಮೇಲೆ ಮಾರ್ಕರಿನಲ್ಲಿ ‘ಖಾಲಿ’ ಎಂದು ಬರೆದು, ಒಣಗಿದ ಮೇಲೆ ಪಾರದರ್ಶಕ ಟೇಪು ಸುತ್ತಿದೆ. ಇಡೀ ದಿನದಲ್ಲಿ ನಾನು ಬರೆದ ಏಕೈಕ ನಿಖರವಾದ ಚೀಟಿ. ಮರುದಿನವೇ ಮಗಳು ಅದನ್ನು ಕಾಲೇಜಿಗೆ ಒಯ್ದಳು.

“ಅದನ್ನ ಯಾಕ ಒಯ್ದಿ?” ಎಂದೆ.

“ಖಾಲಿ ಅಂತ ನೀವೇ ಬರ್ದೀರಲ್ಲ ಪಪ್ಪಾ.”

ಅದರಲ್ಲೀಗ ಅವಳ ಪ್ರಾಜೆಕ್ಟು, ಅವಳ ಗೆಳತಿಯರ ಪ್ರಾಜೆಕ್ಟು, ಅವ್ವನ ಆಧಾರ್ ಕಾರ್ಡಿನ ಸ್ಕ್ಯಾನು, ಮನೆ ಟ್ಯಾಕ್ಸಿನ ರಸೀದಿ, ಹೆಂಡತಿಯ ಸೀರೆ ಬ್ಲೌಸಿನ ಡಿಸೈನುಗಳು ಎಲ್ಲ ಇವೆ. ಬೇಕಾದ ಕಾಗದ ಯಾವುದೇ ಇರಲಿ, ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ, “ಖಾಲಿ ಎಲ್ಲದ?” ಯಾರಿಗೂ ಗೊಂದಲವಿಲ್ಲ. ಅವ್ವ ಕೂಡ ದೇವರ ಜಗಲಿಯ ಬಾಜು ಕೈಮಾಡಿ ತೋರಿಸುತ್ತಾಳೆ.

ನಿನ್ನೆ ರಾತ್ರಿ ಮಗಳು ಬಂದು ನಿಂತಳು.

“ಪಪ್ಪಾ, ಖಾಲಿ ತುಂಬಿ ಹೋತು. ಇನ್ನೊಂದು ಕೊಡ್ರಿ.”

ಡಬ್ಬಿ ತೆಗೆದು, ತುಕ್ಕು ಒರೆಸಿ, ‘ಹೊಸಾದು’ ಕೊಟ್ಟೆ.