ನನ್ನ ಗಡಿಯಾರ ನಿಧಾನವಾಗಿ ಓಡುತ್ತದೆ

"ಅಂದರೆ ತಮ್ಮಾ, ನಿನಗೆ ರಿಯಾಯಿತಿ ಸಿಕ್ಕಿತು ಅನ್ನು."

ಹೋದ ಭಾನುವಾರ ಶಿರಸಿಯಿಂದ ಚಿಕ್ಕಪ್ಪ ಕರೆ ಮಾಡಿ ಹೇಳಿದ ಮಾತು ಇದು. ಅದಕ್ಕೆ ಮೊದಲು ನಾನು ಇಲ್ಲಿ ಕೆನಡಾದ ಕ್ಯಾನ್ಮೋರ್‌ನಲ್ಲಿ ನಡೆದ ಅಂಗವಿಕಲರ ಏಳೂವರೆ ಕಿಲೋಮೀಟರ್ ಸ್ಕೀ ಸ್ಪರ್ಧೆಯ ವಿಡಿಯೊವನ್ನೂ ಫಲಿತಾಂಶದ ಹಾಳೆಯನ್ನೂ ಮನೆಯವರಿಗೆ ಕಳಿಸಿದ್ದೆ. ವಿಡಿಯೊದಲ್ಲಿ ಕೆಂಪು ಅಂಗಿಯ ಹುಡುಗನೊಬ್ಬ ಕೊನೆಯ ಗೆರೆ ದಾಟುತ್ತಾನೆ. ಅವನು ನನಗಿಂತ ಅರ್ಧ ನಿಮಿಷ ಮೊದಲು ಹೊರಟವನು. ನಾನು ಗೆರೆ ಮುಟ್ಟುವುದು ಅವನಾದ ಐದು ನಿಮಿಷದ ಮೇಲೆ. ಹಾಳೆಯಲ್ಲಿ ಮಾತ್ರ ನಾನು ಮೂರನೆಯವನು, ಅವನು ನಾಲ್ಕನೆಯವನು. ಅಡಿಕೆ ತೂಕದಲ್ಲಿ ಒಂದು ಕಿಲೋ ವ್ಯತ್ಯಾಸ ಬಂದರೂ ಎರಡನೆಯ ಸಲ ತೂಗಿಸುವ ಚಿಕ್ಕಪ್ಪನಿಗೆ ಇದು ಹೊಂದದ ಲೆಕ್ಕವಾಗಿ ಕಂಡಿತು.

ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ನಾನು ಅಡಿಕೆ ಮರದಿಂದ ಬಿದ್ದ ದಿನ ತೋಟದಿಂದ ನನ್ನನ್ನು ಹೊತ್ತು ರಸ್ತೆಗೆ ತಂದವರಲ್ಲಿ ಅವರೂ ಒಬ್ಬರು. ಆದರೂ ಆ ಒಂದು ಪದ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಫೋನಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ರಿಯಾಯಿತಿಗೂ ನನಗೂ ಹಳೆಯ ಬಾಕಿಯಿದೆ. ಆಗ ನನಗೆ 19 ವರ್ಷ. ಮಳೆಗಾಲಕ್ಕೆ ಮೊದಲ ಮದ್ದು ಹೊಡೆಯಬೇಕು, ಮರ ಹತ್ತುವ ಕೊನೆಗೌಡ ಸಿಗಲಿಲ್ಲ, ಕೊಳೆರೋಗ ಬಂದರೆ ವರ್ಷದ ಫಸಲು ಹೋಗುತ್ತದೆ ಎಂದು ನಾನೇ ಮರ ಹತ್ತಿದೆ. ತೊಯ್ದ ಅಡಿಕೆ ಮರ. ಬಿದ್ದದ್ದು ಬೆನ್ನಿನ ಮೇಲೆ. ಎದೆಯಿಂದ ಕೆಳಗಿನ ಮೈ ಅಂದಿನಿಂದ ನನ್ನ ಮಾತು ಕೇಳುವುದಿಲ್ಲ. ಮತ್ತೆ ಕಾಲೇಜಿಗೆ ಹೋಗತೊಡಗಿದಾಗ ಅಪ್ಪ ನನ್ನನ್ನು ಎತ್ತಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಒಂದು ದಿನ ಪಾಸ್ ತೋರಿಸಿದಾಗ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ "ರಿಯಾಯಿತಿಯವರು ಹಿಂದೆ ಕೂರಬಹುದಲ್ಲ" ಎಂದರು. ಅಪ್ಪ ಏನೂ ಹೇಳದೆ ನನ್ನನ್ನು ಮತ್ತೆ ಎತ್ತಿಕೊಂಡರು. ಆಗ ಅವರ ಕೈ ನಡುಗಿದ್ದು ನನಗೆ ಇನ್ನೂ ನೆನಪಿದೆ. ಇದು ನಿನ್ನದಲ್ಲ, ನಾವು ಕೊಟ್ಟದ್ದು, ಸುಮ್ಮನಿರು ಎಂಬುದೇ ಅಂದಿನಿಂದ ನನಗೆ ಆ ಪದದ ಅರ್ಥ.

ಮೂರನೆಯ ಸ್ಥಾನ ಯಾರೂ ಕೊಟ್ಟದ್ದಲ್ಲ. ಅದು ನನ್ನದು.

ಮೊದಲು ಈ ಆಟದ ಬಗ್ಗೆ ಹೇಳಬೇಕು. ಪ್ಯಾರಾ ನಾರ್ಡಿಕ್ ಎಂದರೆ ಎರಡು ಸ್ಪರ್ಧೆಗಳು ಸೇರಿದ್ದು: ಏರು ತಗ್ಗಿನ ಹಾದಿಯಲ್ಲಿ ದೂರ ಕ್ರಮಿಸುವ ಕ್ರಾಸ್ ಕಂಟ್ರಿ, ಅದರ ನಡುನಡುವೆ ಸ್ಕೀ ನಿಲ್ಲಿಸಿ ಗುಂಡು ಹೊಡೆಯುವ ಬಯಾಥ್ಲಾನ್. 1976ರಲ್ಲಿ ಸ್ವೀಡನ್ನಿನ ಅರ್ನ್‌ಶೋಲ್ಡ್ಸ್‌ವಿಕ್‌ನಲ್ಲಿ ನಡೆದ ಮೊದಲ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲೇ ಕ್ರಾಸ್ ಕಂಟ್ರಿ ಇತ್ತು. ಬಯಾಥ್ಲಾನ್ ಬಂದದ್ದು 1988ರಲ್ಲಿ. ನಿಂತು ಸ್ಕೀ ಮಾಡುವವರು, ಕುಳಿತು ಮಾಡುವವರು, ದೃಷ್ಟಿ ತೊಂದರೆಯುಳ್ಳವರು ಎಂದು ಮೂರು ವಿಭಾಗ. ನಾನು ಕುಳಿತು ಮಾಡುವವನು. ನನ್ನದು ಕ್ಲಬ್ ಮಟ್ಟದ ಸ್ಪರ್ಧೆ, ದೊಡ್ಡ ಹೆಸರಲ್ಲ. ಕೆಲಸ ಕ್ಯಾಲ್ಗರಿಯ ಸಾಫ್ಟ್‌ವೇರ್ ಕಂಪನಿಯಲ್ಲಿ. ಶನಿವಾರ ಬಂದರೆ ನೂರು ಕಿಲೋಮೀಟರ್ ದೂರದ ಕ್ಯಾನ್ಮೋರ್ ನಾರ್ಡಿಕ್ ಕೇಂದ್ರದಲ್ಲಿರುತ್ತೇನೆ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗಾಗಿ ಕಟ್ಟಿದ ಹಾದಿಗಳು ಅವು.

ಸಿಟ್ ಸ್ಕೀ ಎಂದರೆ ಎರಡು ಸಪೂರ ಸ್ಕೀಗಳ ಮೇಲೆ ಬಿಗಿದ ಲೋಹದ ಚೌಕಟ್ಟು, ಅದರ ಮೇಲೆ ಮೈಯಳತೆಗೆ ಮಾಡಿದ ಕುರ್ಚಿ. ಕಾಲು, ಸೊಂಟ, ಎದೆಗೆ ಪಟ್ಟಿ. ಕೈಯಲ್ಲಿ ಎರಡು ಗಿಡ್ಡ ಕೋಲುಗಳು. ಆ ಕೋಲುಗಳೇ ನನ್ನ ಎಂಜಿನ್, ಅವೇ ಬ್ರೇಕ್, ತಿರುವಿನಲ್ಲಿ ಅವೇ ಚುಕ್ಕಾಣಿ. ಬಿದ್ದರೆ ಪಟ್ಟಿ ಬಿಚ್ಚದೆ, ಒಂದು ಕೋಲನ್ನು ಹಿಮಕ್ಕೆ ಒತ್ತಿ, ಚೌಕಟ್ಟಿನ ಸಮೇತ ನನ್ನನ್ನೇ ಎತ್ತಿ ನಿಲ್ಲಿಸಿಕೊಳ್ಳಬೇಕು. ಮೊದಲ ಚಳಿಗಾಲವೆಲ್ಲ ಅದನ್ನು ಕಲಿಯುವುದರಲ್ಲೇ ಹೋಯಿತು.

ಅಭ್ಯಾಸ ಶುರುವಾಗುವುದು ಹಿಮ ಬೀಳುವ ಮೊದಲೇ. ಬೇಸಿಗೆಯಲ್ಲಿ ಅದೇ ಚೌಕಟ್ಟಿನ ಕೆಳಗೆ ಗಾಲಿ ಕಟ್ಟಿ ಡಾಂಬರು ದಾರಿಯಲ್ಲಿ ಏರುತ್ತೇನೆ. ಕ್ಯಾನ್ಮೋರ್‌ನಲ್ಲಿ ಹಿಂದಿನ ಚಳಿಗಾಲದ ಹಿಮವನ್ನು ಮರದ ಪುಡಿಯ ಕೆಳಗೆ ಗುಡ್ಡೆ ಹಾಕಿ ಮುಚ್ಚಿಡುತ್ತಾರೆ. ಬೇಸಿಗೆ ಕಳೆದರೂ ಅದರಲ್ಲಿ ಬಹುಪಾಲು ಕರಗದೆ ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ಅದನ್ನು ಹರಡಿ, ಸುತ್ತಲೂ ಇನ್ನೂ ಹುಲ್ಲಿರುವಾಗಲೇ ಒಂದು ಬಿಳಿ ಹಾದಿ ಮಾಡಿಬಿಡುತ್ತಾರೆ. ಬಾಳೆಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಬ್ಬಕ್ಕೆ ತೆಗೆಯುತ್ತಿದ್ದ ಅಜ್ಜಿ ಇದನ್ನು ನೋಡಬೇಕಿತ್ತು.

ಚಳಿ ಬೇರೆಯೇ ಪಾಠ. ನನ್ನ ಪಾದಕ್ಕೆ ಹಿಮ ಕಚ್ಚಿದರೂ ನನಗೆ ಗೊತ್ತಾಗುವುದಿಲ್ಲ. ಪ್ರತಿ ಅಭ್ಯಾಸದ ನಂತರ ಕಾರಿನಲ್ಲಿ ಕುಳಿತು, ಕಾಲುಚೀಲ ತೆಗೆದು, ಒಂದೊಂದೇ ಬೆರಳಿನ ಬಣ್ಣ ನೋಡುತ್ತೇನೆ. ಕುರ್ಚಿಯ ಅಂಚು ತೊಡೆಗೆ ಒತ್ತಿ ಹುಣ್ಣಾದರೆ ಎರಡು ತಿಂಗಳು ಮಲಗಿಯೇ ಇರಬೇಕಾದೀತು, ಹಾಗಾಗಿ ರಾತ್ರಿ ಕನ್ನಡಿ ಹಿಡಿದು ಅದನ್ನೂ ನೋಡುತ್ತೇನೆ. ಈ ಹದಿನೈದು ನಿಮಿಷ ಯಾವ ವಿಡಿಯೊದಲ್ಲೂ ಬರುವುದಿಲ್ಲ. ಅದಿಲ್ಲದೆ ಉಳಿದದ್ದು ಯಾವುದೂ ಇಲ್ಲ.

ಈಗ ಚಿಕ್ಕಪ್ಪ ಕೇಳಿದ ಲೆಕ್ಕಕ್ಕೆ ಬರುತ್ತೇನೆ. ಕುಳಿತು ಮಾಡುವವರೆಲ್ಲ ಒಂದೇ ಪಟ್ಟಿಯಲ್ಲಿ ಸ್ಪರ್ಧಿಸುತ್ತೇವೆ. ಆದರೆ ಎಲ್ಲರ ಮೈಯೂ ಒಂದೇ ರೀತಿಯಲ್ಲ. ಅದಕ್ಕಾಗಿ ಎಲ್‌ಡಬ್ಲ್ಯು10ರಿಂದ ಎಲ್‌ಡಬ್ಲ್ಯು12ರವರೆಗೆ ಐದು ವರ್ಗ ಮಾಡಿ, ಒಂದೊಂದಕ್ಕೆ ಒಂದು ಶೇಕಡಾವಾರು ಸಂಖ್ಯೆ ಇಟ್ಟಿದ್ದಾರೆ. ಎಲ್‌ಡಬ್ಲ್ಯು12ಕ್ಕೆ 100. ನನ್ನದು ಎಲ್‌ಡಬ್ಲ್ಯು10, ನನಗೆ 86. ಅಂದು ನಾನು ತೆಗೆದುಕೊಂಡ ನಿಜವಾದ ಸಮಯ 39 ನಿಮಿಷ 10 ಸೆಕೆಂಡು. ಅದರ ಶೇಕಡ 86 ಎಂದರೆ 33 ನಿಮಿಷ 41 ಸೆಕೆಂಡು. ಕೆಂಪು ಅಂಗಿಯವನದು 33 ನಿಮಿಷ 58 ಸೆಕೆಂಡು, ಅವನಿಗೆ ಕಡಿತವಿಲ್ಲ. ನಾನು ಮುಂದಿದ್ದುದು 17 ಸೆಕೆಂಡು.

"ಅವನಿಗೆ ಎರಡೂ ಕಾಲಿಲ್ಲ ತಮ್ಮಾ, ನಾನು ವಿಡಿಯೊದಲ್ಲಿ ಕಣ್ಣಾರೆ ನೋಡಿದೆ. ನಿನಗೆ ಎರಡೂ ಇವೆ. ಕೊಡುವುದಿದ್ದರೆ ಅವನಿಗಲ್ಲವೇ ಕೊಡಬೇಕಾದದ್ದು?"

ಈ ಪ್ರಶ್ನೆಗೆ ನಾನು ಚಿಕ್ಕಪ್ಪನಿಗೆ ಋಣಿ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

"ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಮರವನ್ನು ತೂಗಿ ದಾಟುತ್ತಾನಲ್ಲ ಚಿಕ್ಕಪ್ಪ, ಆಗ ಅವನಿಗೆ ಬಲ ಎಲ್ಲಿಂದ ಬರುತ್ತದೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಡುವಿನಿಂದ."

ನಡುವಿನಿಂದಲೇ. ಕೋಲು ಊರಿ ತಳ್ಳುವುದು ತೋಳಿನ ಕೆಲಸದಂತೆ ಕಾಣುತ್ತದೆ. ನಿಜವಾಗಿ ಹೊಟ್ಟೆಯ ಸ್ನಾಯುಗಳು ಬಿಗಿದು, ಇಡೀ ಎದೆ ಕೋಲಿನ ಮೇಲೆ ಬಿದ್ದು, ಬೆನ್ನು ಅದನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ಕೆಂಪು ಅಂಗಿಯ ಗೆಳೆಯನಿಗೆ ಕಾಲಿಲ್ಲ, ನಡು ಇದೆ. ಅವನ ಒಂದೊಂದು ತಳ್ಳಿನಲ್ಲೂ ಅರ್ಧ ಮೈಯ ಭಾರ ಕೋಲಿಗೆ ಇಳಿಯುತ್ತದೆ. ನನಗೆ ಕಾಲಿದೆ, ಅವು ಹೊರಬೇಕಾದ ಹೊರೆ. ನಡುವಿಲ್ಲ. ಮುಂದೆ ಬಾಗಿದರೆ ಏಳಲು ಹೊಟ್ಟೆ, ಬೆನ್ನು ಎರಡೂ ಇಲ್ಲ, ಎದೆಯ ಪಟ್ಟಿಯೇ ನನ್ನನ್ನು ಹಿಡಿದಿರುತ್ತದೆ. ಏರಿನಲ್ಲಿ ನನ್ನ ಭುಜ ಮತ್ತು ತೋಳು ಎರಡೇ ಎಲ್ಲವನ್ನೂ ಎಳೆಯುತ್ತವೆ.

ಉಕ್ರೇನ್‌ನಲ್ಲಿ ಹುಟ್ಟಿ ಅಮೆರಿಕದ ತಾಯಿಯ ಮಡಿಲು ಸೇರಿದ ಒಕ್ಸಾನಾ ಮಾಸ್ಟರ್ಸ್ ಅವರಿಗೆ ಎರಡೂ ಕಾಲಿಲ್ಲ. 2022ರ ಬೀಜಿಂಗ್ ಪ್ಯಾರಾಲಿಂಪಿಕ್ಸ್ ಒಂದರಲ್ಲೇ ಏಳು ಪದಕ ಗೆದ್ದರು. ಅವರು ಎಲ್‌ಡಬ್ಲ್ಯು12. ಅವರ ಗಡಿಯಾರ ಎಲ್ಲರ ಗಡಿಯಾರದಂತೆಯೇ ಓಡುತ್ತದೆ. ಕಣ್ಣಿಗೆ ಕಾಣುವ ಕೊರತೆಯನ್ನು ನೋಡಿ ಕನಿಕರ ಹಂಚುವ ಆಟ ಇದಾಗಿದ್ದರೆ ಅವರಿಗೆ ನನಗಿಂತ ಹೆಚ್ಚು ಸಿಗಬೇಕಿತ್ತು. ಇಲ್ಲಿ ಅಳೆಯುವುದು ಕೋಲಿಗೆ ಎಷ್ಟು ಮೈ ಸಿಗುತ್ತದೆ ಎಂಬುದನ್ನು. ರಿಯಾಯಿತಿಗೂ ಅಳತೆಗೂ ಇರುವ ಅಂತರ ಇದೇ, ಮತ್ತು ಇದನ್ನು ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಸ್ಪರ್ಧೆ ಮುಗಿದ ಮೇಲೆ ಕೆಂಪು ಅಂಗಿಯವನು ನನ್ನ ಪಕ್ಕಕ್ಕೆ ಸ್ಕೀ ತಂದು ನಿಲ್ಲಿಸಿದ. "ಎರಡನೆಯ ಸುತ್ತಿನ ಇಳಿಜಾರಿನಲ್ಲಿ ಬಿದ್ದೆ. ಹದಿನೇಳು ಸೆಕೆಂಡು ಅಲ್ಲೇ ಹೋಯಿತು" ಎಂದ. ನನ್ನ 86ರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನ ಲೆಕ್ಕದಲ್ಲಿ ಅವನು ಸೋತದ್ದು ಆ ಇಳಿಜಾರಿನಲ್ಲಿ.

ಹಾಗೆಂದು ಈ ಅಳತೆ ಕುಂದಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಬೇರೆ ಬೇರೆ ವರ್ಗದವರ ಹಿಂದಿನ ಸಮಯಗಳನ್ನು ಹೋಲಿಸಿ ತೆಗೆದ ಸಂಖ್ಯೆ ಅದು, ಆಗಾಗ ತಿದ್ದುತ್ತಾರೆ ಕೂಡ. ನಿಂತು ಮಾಡುವವರಿಗೆ ನೇರ ಗೆರೆಯಲ್ಲಿ ಜಾರುವ ಕ್ಲಾಸಿಕ್ ಶೈಲಿಗೆ ಒಂದು, ಪಕ್ಕಕ್ಕೆ ತಳ್ಳುತ್ತ ಸಾಗುವ ಫ್ರೀ ಶೈಲಿಗೆ ಇನ್ನೊಂದು ಸಂಖ್ಯೆ ಇದೆ. ನಮಗೆ ಸಪಾಟು ಹಾದಿಗೂ ಏರಿನ ಹಾದಿಗೂ, ಗಡುಸು ಹಿಮಕ್ಕೂ ಏಪ್ರಿಲ್‌ನ ಗಂಜಿಯಂತಹ ಹಿಮಕ್ಕೂ ಒಂದೇ. ಮೆತ್ತಗಿನ ಹಿಮದ ಏರಿನಲ್ಲಿ ನಾನು ಕಳೆದುಕೊಳ್ಳುವುದು ಶೇಕಡ 14ಕ್ಕಿಂತ ಹೆಚ್ಚು ಎಂಬುದು ನನ್ನ ಅನುಭವ. ಗಡುಸು ಹಿಮದ ಸಪಾಟಿನಲ್ಲಿ ಅಷ್ಟು ಕಳೆದುಕೊಳ್ಳುವುದಿಲ್ಲ, ಅದನ್ನೂ ಒಪ್ಪುತ್ತೇನೆ. ನನಗೆ ತುಂಬ ಇಷ್ಟವಾದದ್ದು ಸ್ಪ್ರಿಂಟ್‌ನ ವಿಧಾನ. ಸುಮಾರು ಒಂದು ಕಿಲೋಮೀಟರಿನ ಆ ಓಟದ ಕೊನೆಯ ಸುತ್ತುಗಳಲ್ಲಿ ಕಡಿತವನ್ನು ಹೊರಡುವಾಗಲೇ ಕೊಟ್ಟುಬಿಡುತ್ತಾರೆ. ನಾನು ಮೊದಲು ಹೊರಡುತ್ತೇನೆ, ಎಲ್‌ಡಬ್ಲ್ಯು12ರವರು ಹಿಂದಿನಿಂದ ಬೆನ್ನಟ್ಟಿ ಬರುತ್ತಾರೆ. ಗೆರೆ ಮೊದಲು ಮುಟ್ಟಿದವರು ಗೆದ್ದರು. ಚಿಕ್ಕಪ್ಪನಿಗೆ ಆ ವಿಡಿಯೊ ಕಳಿಸಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ದೃಷ್ಟಿಯಿಲ್ಲದ ಸ್ಪರ್ಧಿಗಳಿಗೂ ಇದೇ ಪ್ರಶ್ನೆ ಬರುತ್ತದೆ: "ಮುಂದೆ ದಾರಿ ತೋರಿಸುವವರು ಇದ್ದಾರಲ್ಲ?" ಪೂರ್ಣ ಅಂಧರ ವರ್ಗದಲ್ಲಿ ಎಲ್ಲರೂ ಬೆಳಕು ನುಸುಳದ ಕಪ್ಪು ಕನ್ನಡಕ ಹಾಕಲೇಬೇಕು. ಮಸುಕು ಬೆಳಕು ಕಾಣುವವರಿಗೂ ಅದರ ಲಾಭ ಸಿಗಬಾರದೆಂದು ಈ ನಿಯಮ. ಬಯಾಥ್ಲಾನ್‌ನಲ್ಲಿ ಹೆಡ್‌ಫೋನಿನ ಸದ್ದು ಕೇಳಿ ಗುರಿ ಹಿಡಿಯುತ್ತಾರೆ, ಬಂದೂಕು ಗುರಿಯ ನಡುವಿಗೆ ಹತ್ತಿರವಾದಂತೆ ಸ್ವರ ಏರುತ್ತದೆ. ಇನ್ನು ಇಳಿಜಾರಿನಲ್ಲಿ ಇರುವುದು ಮುಂದಿನವರ ದನಿಯೊಂದೇ. ಜರ್ಮನಿಯ ವೆರೆನಾ ಬೆಂಟೆಲೆ 2009ರಲ್ಲಿ ತಮ್ಮ ದೇಶದ ಚಾಂಪಿಯನ್‌ಶಿಪ್‌ನಲ್ಲಿದ್ದಾಗ ಮಾರ್ಗದರ್ಶಕರು ಎಡ ಬಲ ತಪ್ಪಿ ಹೇಳಿದರು. ಬೆಂಟೆಲೆ ಒಣಗಿದ ಹಳ್ಳಕ್ಕೆ ಬಿದ್ದರು. ಮೊಣಕಾಲು, ಯಕೃತ್ತು, ಮೂತ್ರಪಿಂಡಕ್ಕೆ ಪೆಟ್ಟು. ಮರುವರ್ಷ ವ್ಯಾಂಕೂವರ್‌ನಲ್ಲಿ, ಮತ್ತೊಂದು ದನಿಯನ್ನು ನಂಬಿ ಇಳಿದು, ಐದು ಚಿನ್ನ ಗೆದ್ದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು ಅವರು ಮಾರ್ಗದರ್ಶಕ ರಾಹುಲ್ ಬಾಲಕೃಷ್ಣ ಅವರೊಂದಿಗೆ ದಾರ ಹಿಡಿದು 1500 ಮೀಟರ್ ಓಡುವುದನ್ನು ನೋಡಿದವರಿಗೆ ಈ ನಂಬಿಕೆಯ ತೂಕ ಗೊತ್ತು. ದಾರ ಹಿಡಿದು ಓಡುವವರು ಒಂದೇ ಉಸಿರಿನವರಾಗಬೇಕು.

ಕ್ಯಾನ್ಮೋರ್‌ನಲ್ಲಿ ಬ್ರಯನ್ ಮೆಕೀವರ್ ಹೆಸರು ಹೇಳದೆ ಮಾತು ಮುಗಿಯುವುದಿಲ್ಲ. 19ನೆಯ ವಯಸ್ಸಿನಲ್ಲಿ ಕಣ್ಣಿನ ನಡುಭಾಗದ ದೃಷ್ಟಿ ಹೋಗತೊಡಗಿತು. ಅಣ್ಣ ರಾಬಿನ್ ದಾರಿ ತೋರಿಸಿದರು. 2002ರಿಂದ 2022ರವರೆಗೆ 16 ಪ್ಯಾರಾಲಿಂಪಿಕ್ ಚಿನ್ನ. 2010ರಲ್ಲಿ ಅವರು ಯಾವ ಕಡಿತವೂ ಇಲ್ಲದೆ, ಕಣ್ಣಿರುವವರೊಂದಿಗೆ ಸ್ಪರ್ಧಿಸಿ ಕೆನಡಾದ ಒಲಿಂಪಿಕ್ ತಂಡಕ್ಕೂ ಆಯ್ಕೆಯಾಗಿದ್ದರು. ಕೊನೆಗೆ 50 ಕಿಲೋಮೀಟರ್ ಸ್ಪರ್ಧೆಗೆ ಬೇರೆ ನಾಲ್ವರನ್ನು ಇಳಿಸಿದರು, ಅವರಿಗೆ ಅವಕಾಶ ಸಿಗಲಿಲ್ಲ. ಆ ನಿರ್ಧಾರ ತಪ್ಪು ಎಂದೇ ನಾನು ಇಂದಿಗೂ ನಂಬುತ್ತೇನೆ.

"ಮೋಸ ಮಾಡುವವರು ಇರುವುದಿಲ್ಲವೇ?" ಎಂದೂ ಚಿಕ್ಕಪ್ಪ ಕೇಳಿದರು. ಇರುತ್ತಾರೆ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ನ್ಯೂನತೆಯುಳ್ಳವರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ನ್ಯೂನತೆಯೂ ಇರಲಿಲ್ಲ. ಪೆಟ್ಟು ಬಿದ್ದದ್ದು ಯಾರಿಗೆ? ಆ ವಿಭಾಗವನ್ನೇ ತೆಗೆದುಹಾಕಿದರು. ಬೇಸಿಗೆಯ ಕೂಟಕ್ಕೆ ಅದು ಮರಳಿದ್ದು 2012ರಲ್ಲಿ. 1998ರ ನಾಗಾನೊದಲ್ಲಿ ಅವರಿಗೂ ಕ್ರಾಸ್ ಕಂಟ್ರಿ ಸ್ಕೀ ಇತ್ತು, ಆಮೇಲಿನ ಚಳಿಗಾಲದ ಕೂಟಗಳಲ್ಲಿ ಇಲ್ಲ. ಸುಳ್ಳು ಹೇಳಿದವರು ಬೇರೆ, ಹಾದಿ ಕಳೆದುಕೊಂಡವರು ಬೇರೆ. ಊರಿನಲ್ಲಿ ಸುಳ್ಳು ಪ್ರಮಾಣಪತ್ರದ ಸುದ್ದಿ ಬಂದಾಗಲೆಲ್ಲ ನಿಜವಾದವರನ್ನು ಮೇಲಿಂದ ಕೆಳಗೆ ನೋಡುವ ಕಣ್ಣುಗಳು ನನಗೆ ಗೊತ್ತು. ಆದ್ದರಿಂದಲೇ ಮೈ ಪರೀಕ್ಷೆ ಬಿಗಿಯಾಗಿರಬೇಕು ಎನ್ನುವವರ ಸಾಲಿನಲ್ಲಿ ನಾನು ಮೊದಲಿಗ.

ಆ ಪರೀಕ್ಷೆ ನನಗೂ ಬಂದಿದೆ. ಡಿಸೆಂಬರ್‌ನಲ್ಲಿ ನನ್ನ ವರ್ಗದ ಮರುಪರಿಶೀಲನೆ. ಒಂದು ಹಲಗೆಯ ಮೇಲೆ ಪಟ್ಟಿ ಕಟ್ಟಿ ಕೂರಿಸಿ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಬಾಗಲು ಹೇಳುತ್ತಾರೆ, ಎಷ್ಟು ಬಾಗಿ ಎಷ್ಟು ಏಳುತ್ತೇನೆ ಎಂದು ನೋಡುತ್ತಾರೆ. ಈ ವರ್ಷ ಬೆನ್ನಿನ ಮೇಲ್ಭಾಗದಲ್ಲಿ ಒಂದು ಹಿಡಿತ ಬಂದಂತಿದೆ, ಮೊದಲು ಹಾಗಿರಲಿಲ್ಲ. ನನ್ನನ್ನು ಎಲ್‌ಡಬ್ಲ್ಯು10.5ಕ್ಕೆ ಹಾಕಿದರೆ 86 ಹೋಗಿ 90 ಆಗುತ್ತದೆ. ಅಂದಿನ ಅದೇ 39 ನಿಮಿಷ 10 ಸೆಕೆಂಡು ಆಗ 35 ನಿಮಿಷ 15 ಸೆಕೆಂಡು ಎನಿಸಿಕೊಳ್ಳುತ್ತದೆ, ಕೆಂಪು ಅಂಗಿಯವನು ನನ್ನನ್ನು ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕುತ್ತಾನೆ. ಇದನ್ನೂ ಚಿಕ್ಕಪ್ಪನಿಗೆ ಹೇಳಿದೆ.

"ಹಾಗಾದರೆ ಆ ದಿನ ಸ್ವಲ್ಪ ಕಡಿಮೆ ಬಾಗಿದರಾಯಿತಲ್ಲ" ಎಂದರು. ಹೇಳಿದ ಕೂಡಲೇ ತಾವೇ ತಡೆದುಕೊಂಡು, "ಬೇಡ, ಬೇಡ. ನೀನು ಹಾಗೆ ಮಾಡುವವನಲ್ಲ" ಎಂದರು.

ಆ ಹಲಗೆಯ ಮೇಲೆ ಬಾಗಬಲ್ಲಷ್ಟೂ ಬಾಗುತ್ತೇನೆ, ಚಿಕ್ಕಪ್ಪ. ಎದ್ದು ಕೂರಬಲ್ಲಷ್ಟೂ ಏಳುತ್ತೇನೆ. ಸಂಖ್ಯೆ ಏನು ಬಂದರೂ ಅದೇ ಸಂಜೆ ನಿಮಗೆ ಕರೆ ಮಾಡಿ ಹೇಳುತ್ತೇನೆ.