ಯಾರೂ ಮಾಡದ ತಾರತಮ್ಯ

ಕರ್ತೃವಿಲ್ಲದೆ ನಡೆಯುವ ಕ್ರಿಯೆಗಳ ಪಟ್ಟಿ ಮಾಡಿದರೆ ಮೊದಲ ಸ್ಥಾನ ತಾರತಮ್ಯಕ್ಕೆ ಸಲ್ಲಬೇಕು. ಅದು ಇದೆಯೇ ಎಂದು ಯಾರನ್ನು ಕೇಳಿದರೂ ಇದೆ, ಬಹಳ ಇದೆ, ಇರಬಾರದಿತ್ತು ಎಂಬ ಉತ್ತರವೇ ಬರುತ್ತದೆ. ಹಾಗಾದರೆ ಮಾಡುವವರು ಯಾರು ಎಂದು ಕೇಳಿದರೆ ಉತ್ತರಿಸಿದವರ ಬೆರಳು ಪಕ್ಕದ ಕೋಣೆಯತ್ತ ಹೊರಳುತ್ತದೆ; ಪಕ್ಕದ ಕೋಣೆಗೆ ಹೋಗಿ ವಿಚಾರಿಸಿದರೆ ಅಲ್ಲಿನವರ ಬೆರಳು ಮೊದಲ ಕೋಣೆಯನ್ನೇ ತೋರಿಸುತ್ತದೆ. ಎರಡೂ ಕೋಣೆಗಳ ಬಾಗಿಲ ಮೇಲೆ ‘ಇಲ್ಲಿ ಎಲ್ಲರಿಗೂ ಸಮಾನ ಅವಕಾಶ’ ಎಂಬ ಫಲಕ ತೂಗುತ್ತಿರುತ್ತದೆ. ಪೂರ್ವಗ್ರಹವಿಲ್ಲದವರ ಪ್ರಮಾಣ ಹೀಗೆ ನೂರಕ್ಕೆ ನೂರನ್ನು ಮುಟ್ಟಿದ ಮೇಲೂ ಪೂರ್ವಗ್ರಹವೊಂದು ಮಾತ್ರ ಹೇಗೆ ಗಟ್ಟಿಮುಟ್ಟಾಗಿ ಬದುಕಿದೆ ಎಂಬುದನ್ನು ಅರಿಯಲು ಸಾಮಾಜಿಕ ಮನೋವಿಜ್ಞಾನವೆಂಬ ಇಡೀ ಶಾಸ್ತ್ರವೇ ಸುಮಾರು ನೂರು ವರ್ಷಗಳಿಂದ ಬೆವರು ಸುರಿಸುತ್ತಿದೆ.

ಈ ಕ್ಷೇತ್ರದಲ್ಲಿ ಮನುಕುಲ ಸಾಧಿಸಿರುವ ಪ್ರಗತಿಯನ್ನು ಯಾರೂ ಅಲ್ಲಗಳೆಯಬಾರದು. 1930ರ ದಶಕದ ಆರಂಭದಲ್ಲಿ ರಿಚರ್ಡ್ ಲಾಪಿಯೇರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಚೀನಾ ಮೂಲದ ಯುವ ದಂಪತಿಯೊಡನೆ ತಮ್ಮ ದೇಶವನ್ನು ಸುತ್ತಿದರು. ಆ ಕಾಲದಲ್ಲಿ ಅಲ್ಲಿ ಚೀನೀಯರನ್ನು ಕಂಡರಾಗದು ಎಂದು ಹೇಳಿಕೊಳ್ಳಲು ಯಾರೂ ನಾಚುತ್ತಿರಲಿಲ್ಲ. ಆದರೂ ಅವರು ಕಾಲಿಟ್ಟ 251 ಹೋಟೆಲು ಮತ್ತು ವಸತಿಗೃಹಗಳ ಪೈಕಿ ಒಂದೇ ಒಂದು ಕಡೆ ಜಾಗವಿಲ್ಲವೆಂದರು. ಆರು ತಿಂಗಳ ಬಳಿಕ ಅವೇ ಸ್ಥಳಗಳಿಗೆ ಪತ್ರ ಬರೆದು, ಚೀನೀ ಅತಿಥಿಗಳನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಾಗ, ಉತ್ತರ ಕಳುಹಿಸಿದ 128 ಸ್ಥಳಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಸಾಧ್ಯವಿಲ್ಲ ಎಂದವು. ಜೊತೆಗೊಬ್ಬ ಬಿಳಿಯ ಪ್ರಾಧ್ಯಾಪಕರಿದ್ದುದೂ ಬಾಗಿಲು ತೆರೆಯಲು ನೆರವಾಗಿರಬಹುದು, ಪತ್ರಕ್ಕೆ ಉತ್ತರ ಬರೆದವರೂ ಬಾಗಿಲು ತೆರೆದವರೂ ಬೇರೆಬೇರೆ ಜನರಾಗಿರಬಹುದು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಏನೇ ಇರಲಿ, ಕಾಗದದ ಮೇಲೆ ಕಟುಕರು, ಎದುರಿಗೆ ಬಂದರೆ ಸಜ್ಜನರು: ಎಂಥ ಹಿಂದುಳಿದ ಕಾಲ!

ಈಗ ನಾವು ಅದನ್ನು ತಿದ್ದಿಕೊಂಡಿದ್ದೇವೆ. ಕಾಗದದ ಮೇಲೆ ಸಜ್ಜನರಾಗಿದ್ದೇವೆ. ಮೇರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಷಿಕಾಗೊ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಕಾಲ್ಪನಿಕ ಅಭ್ಯರ್ಥಿಗಳ ಸುಮಾರು 5,000 ಅರ್ಜಿಗಳನ್ನು ಕಳುಹಿಸಿ, ಅದರ ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಅರ್ಹತೆಯಲ್ಲಿ ಸರಿಸಮವಾಗಿದ್ದ ಅರ್ಜಿಗಳಲ್ಲಿ ಕೆಲವಕ್ಕೆ ಎಮಿಲಿ, ಗ್ರೆಗ್ ಎಂಬಂತಹ ಬಿಳಿಯರಲ್ಲಿ ರೂಢಿಯಲ್ಲಿರುವ ಹೆಸರುಗಳನ್ನೂ, ಉಳಿದವಕ್ಕೆ ಲಕೀಶಾ, ಜಮಾಲ್ ಎಂಬಂತಹ ಕಪ್ಪು ಜನರಲ್ಲಿ ರೂಢಿಯಲ್ಲಿರುವ ಹೆಸರುಗಳನ್ನೂ ಅಂಟಿಸಲಾಗಿತ್ತು. ಮೊದಲ ಗುಂಪಿಗೆ ಸುಮಾರು 10 ಅರ್ಜಿಗೊಂದು ಕರೆ ಬಂದರೆ, ಎರಡನೆಯ ಗುಂಪು ಒಂದು ಕರೆಗಾಗಿ ಸುಮಾರು 15 ಅರ್ಜಿ ಹಾಕಬೇಕಾಯಿತು. ಇಲ್ಲಿಯವರೆಗೆ ಯಾರಿಗೂ ಅಚ್ಚರಿಯಾಗಲಿಕ್ಕಿಲ್ಲ. ಆದರೆ ನನ್ನನ್ನು ಮರುಳು ಮಾಡಿದ ಸಂಗತಿ ಮುಂದಿದೆ: ‘ನಮ್ಮದು ಸಮಾನ ಅವಕಾಶದ ಸಂಸ್ಥೆ’ ಎಂದು ಜಾಹೀರಾತಿನಲ್ಲೇ ಅಚ್ಚು ಹಾಕಿಸಿದ್ದ ಸಂಸ್ಥೆಗಳು ಕೂಡ ಉಳಿದವರಷ್ಟೇ ತಾರತಮ್ಯ ಮಾಡಿದ್ದವು. ಆ ಒಂದು ಸಾಲಿನ ಮುದ್ರಣದಿಂದ ಯಾರಿಗೂ ಉಪಯೋಗವಾಗಲಿಲ್ಲ ಎನ್ನುವುದು ಮಾತ್ರ ಅನ್ಯಾಯದ ಮಾತು. ಸಂಸ್ಥೆಯವರಿಗೆ ನೆಮ್ಮದಿಯ ನಿದ್ರೆ ಬಂದಿರುತ್ತದೆ.

ಈ ನಿದ್ರೆ ಹೇಗೆ ಸಿದ್ಧಿಸುತ್ತದೆ ಎಂದು ತಿಳಿಯಬೇಕಾದರೆ ಯಾವುದಾದರೂ ಆಯ್ಕೆ ಸಮಿತಿಯ ಸಭೆಯನ್ನು ಕಲ್ಪಿಸಿಕೊಳ್ಳಬೇಕು. ಮೇಜಿನ ಮೇಲೆ ಎರಡು ಕಡತಗಳಿವೆ. ಒಂದರಲ್ಲಿ ‘ನಮ್ಮಂಥ’ ಅಭ್ಯರ್ಥಿ, ಅನುಭವ ಹೆಚ್ಚು, ಪದವಿ ಕಡಿಮೆ. ಇನ್ನೊಂದರಲ್ಲಿ ‘ಅವರಂಥ’ ಅಭ್ಯರ್ಥಿ, ಪದವಿ ಹೆಚ್ಚು, ಅನುಭವ ಕಡಿಮೆ. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಪುಸ್ತಕದ ಬದನೆಕಾಯಿಯಿಂದ ಕೆಲಸ ನಡೆಯುವುದಿಲ್ಲ, ನಮಗೆ ಬೇಕಾಗಿರುವುದು ಅನುಭವ” ಎನ್ನುತ್ತಾರೆ. ಸದಸ್ಯರೆಲ್ಲ ತಲೆಯಾಡಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹುದ್ದೆಯ ಕಡತಗಳು ಬರುತ್ತವೆ. ಈ ಬಾರಿ ಪದವಿ ನಮ್ಮವರ ಬಳಿ, ಅನುಭವ ಅವರ ಬಳಿ. ಅಧ್ಯಕ್ಷರು ಅದೇ ಕನ್ನಡಕವನ್ನು ಅಷ್ಟೇ ಶ್ರದ್ಧೆಯಿಂದ ಒರೆಸಿ, “ಅನುಭವವೇನು, ದಿನ ಕಳೆದಂತೆ ಯಾರಿಗಾದರೂ ಬರುತ್ತದೆ, ವಿದ್ಯೆಯೇ ಅಡಿಪಾಯ” ಎನ್ನುತ್ತಾರೆ. ಮದುಮಗನನ್ನು ಮೊದಲು ಗೊತ್ತುಮಾಡಿ ಆಮೇಲೆ ಜಾತಕ ಬರೆಸುವ ಈ ಕಲೆಯಲ್ಲಿ ಸುಳ್ಳಿನ ಲವಲೇಶವೂ ಇಲ್ಲ, ಏಕೆಂದರೆ ಎರಡೂ ಸಲ ಅಧ್ಯಕ್ಷರು ಆಡಿದ ಮಾತು ಅವರಿಗೆ ಮನಃಪೂರ್ವಕವಾಗಿ ನಿಜವೆನಿಸಿತ್ತು.

ಇದು ನನ್ನ ಕುಚೋದ್ಯವೆಂದು ಭಾವಿಸುವವರಿಗಾಗಿ ಹೇಳುತ್ತೇನೆ: ಎರಿಕ್ ಉಲ್ಮನ್ ಮತ್ತು ಜೆಫ್ರಿ ಕೋಹೆನ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಅಭ್ಯರ್ಥಿಗಳಾಗಿದ್ದರು. ಹೆಂಗಸಿಗೆ ಅರ್ಹತೆಯಿಲ್ಲವೆಂದು ಅಲ್ಲಿ ಯಾರೂ ಹೇಳಲಿಲ್ಲ. ಗಂಡಸಿನ ಬಳಿ ಯಾವ ಅರ್ಹತೆ ಇತ್ತೋ ಅದೇ ಆ ಹುದ್ದೆಗೆ ಮುಖ್ಯ ಎಂದರು, ಅಷ್ಟೇ. ತಾವು ಅತ್ಯಂತ ವಸ್ತುನಿಷ್ಠರು ಎಂದು ಯಾರು ಬಲವಾಗಿ ನಂಬಿದ್ದರೋ ಅವರಲ್ಲಿಯೇ ಈ ಪಕ್ಷಪಾತ ಹೆಚ್ಚಾಗಿ ಕಂಡುಬಂತು.

ಒಂದು ಗುಂಪನ್ನು ಹಗೆಯಾಗಿ ಕಾಣಲು ಆ ಗುಂಪಿನ ಪರಿಚಯವಾದರೂ ಬೇಕಲ್ಲವೇ ಎಂದು ಮುಗ್ಧರು ಕೇಳುವುದುಂಟು. ಬೇಕಾಗಿಲ್ಲ. ಆ ಗುಂಪು ಭೂಮಿಯ ಮೇಲೆ ಇರಬೇಕಾದ ಅಗತ್ಯವೂ ಇಲ್ಲ. ಯೂಜೀನ್ ಹಾರ್ಟ್ಲಿ ಎಂಬ ಮನೋವಿಜ್ಞಾನಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತಾರು ಜನಾಂಗಗಳ ಪಟ್ಟಿ ಕೊಟ್ಟು, ಯಾರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ಆ ಪಟ್ಟಿಯಲ್ಲಿ ಡೇನಿರಿಯನ್ನರು, ಪೈರೇನಿಯನ್ನರು, ವಾಲೋನಿಯನ್ನರು ಎಂಬ, ತಾವೇ ಹುಟ್ಟುಹಾಕಿದ ಮೂರು ಜನಾಂಗಗಳನ್ನೂ ಸೇರಿಸಿದ್ದರು. ಇರುವ ಜನಾಂಗಗಳನ್ನು ದೂರವಿಡಲು ಬಯಸಿದವರು ಇಲ್ಲದ ಜನಾಂಗಗಳನ್ನೂ ದೂರವಿಟ್ಟರು. 1946ರಲ್ಲಿ ಈ ಅಧ್ಯಯನ ಪ್ರಕಟವಾದಾಗ ಯಾವ ಡೇನಿರಿಯನ್ನನೂ ಪ್ರತಿಭಟನೆ ನಡೆಸಲಿಲ್ಲ. ಎಷ್ಟು ಸಹನಶೀಲ ಜನ! ಹೆನ್ರಿ ಟಾಜ್‌ಫೆಲ್ 1970ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ, ನೀನು ಹೆಚ್ಚು ಎಣಿಸುವವರ ಗುಂಪು, ನೀನು ಕಡಿಮೆ ಎಣಿಸುವವರ ಗುಂಪು ಎಂದು ಕೈಗೆ ಬಂದಂತೆ ಹಂಚಿದರು. ಆಮೇಲೆ ಎರಡೂ ಗುಂಪಿನ ಬೇರೆ ಹುಡುಗರಿಗೆ ಹಣ ಹಂಚುವ ಕೆಲಸವನ್ನು ಅವರಿಗೇ ಕೊಟ್ಟರು. ಗುಂಪಿನಲ್ಲಿ ಯಾರಿದ್ದಾರೆಂದು ಹುಡುಗರಿಗೆ ಗೊತ್ತಿರಲಿಲ್ಲ, ಹಣ ಹಂಚುವಾಗ ತಮಗೆ ಸ್ವಂತ ಲಾಭವೂ ಇರಲಿಲ್ಲ. ಆದರೂ ಅವರು ತಮ್ಮ ಗುಂಪಿನತ್ತ ವಾಲಿದರು. ಇನ್ನೊಂದು ಪ್ರಯೋಗದಲ್ಲಿ ತಮ್ಮವರಿಗೆ ಒಂದಿಷ್ಟು ಕಡಿಮೆಯಾದರೂ ಚಿಂತೆಯಿಲ್ಲ, ಆಚೆಯವರಿಗೆ ಇನ್ನೂ ಕಡಿಮೆಯಾದರೆ ಸಾಕು ಎಂಬಂತೆ ಹಂಚಿದರು. ಮೂರು ವರ್ಷಗಳ ನಂತರದ ಪ್ರಯೋಗದಲ್ಲಿ ಕಣ್ಣೆದುರೇ ನಾಣ್ಯ ಚಿಮ್ಮಿ ಗುಂಪು ಮಾಡಿದರೂ ಇದೇ ಒಲವು ಕಾಣಿಸಿತು. ಸಾವಿರಾರು ವರ್ಷಗಳ ಇತಿಹಾಸ, ರಕ್ತ, ಪರಂಪರೆ ಎಂದೆಲ್ಲ ಗಂಟಲು ಹರಿದುಕೊಳ್ಳುವವರು ಒಂದು ನಾಣ್ಯದಲ್ಲಿ ಆಗುವ ಕೆಲಸಕ್ಕೆ ಎಷ್ಟೊಂದು ದುಂದುವೆಚ್ಚ ಮಾಡುತ್ತಿದ್ದಾರೆ!

ಇಷ್ಟು ಕಡಿಮೆ ಬಂಡವಾಳದಲ್ಲಿ ಆರಂಭವಾದ ಉದ್ಯಮದ ಲೆಕ್ಕಪತ್ರ ನಿರ್ವಹಣೆಯೂ ಅಚ್ಚುಕಟ್ಟಾಗಿದೆ. ಅವರಲ್ಲೊಬ್ಬ ಕಳವು ಮಾಡಿದರೆ ಅದು ಇಡೀ ಗುಂಪಿನ ಖಾತೆಗೆ ಖರ್ಚು. ಅವರಲ್ಲೊಬ್ಬ ಮೊದಲ ಸ್ಥಾನ ಗಳಿಸಿದರೆ ಅದು ಅದೃಷ್ಟ, ಅಥವಾ ಯಾರೋ ಕೈಹಿಡಿದು ನಡೆಸಿದ್ದು, ಅಥವಾ ಅವನು ಆ ಗುಂಪಿಗೆ ಸೇರಿಯೂ ಸೇರದವನು. ನಮ್ಮವರ ಖಾತೆಯಲ್ಲಿ ಜಮಾ ಮತ್ತು ಖರ್ಚಿನ ಕಾಲಂಗಳು ಸ್ಥಾನ ಬದಲಿಸಿಕೊಳ್ಳುತ್ತವೆ. ಥಾಮಸ್ ಪೆಟ್ಟಿಗ್ರೂ 1979ರಲ್ಲಿಯೇ ಈ ಲೆಕ್ಕಾಚಾರವನ್ನು ವಿವರಿಸಿದ್ದಾರೆ. ಒಂದು ಗುಂಪಿನ ಬಗ್ಗೆ ಮೊದಲೇ ಕಟ್ಟಿಕೊಂಡ ಪಡಿಯಚ್ಚಿಗೆ ಹೊಂದದ ವ್ಯಕ್ತಿ ಎದುರಿಗೇ ಬಂದು ಕುಳಿತಾಗ ಬಳಸಲೆಂದು “ನೀವು ಅವರ ಹಾಗಲ್ಲ ಬಿಡಿ” ಎಂಬ ವಾಕ್ಯವನ್ನು ಸಿದ್ಧವಾಗಿಟ್ಟುಕೊಂಡಿರುತ್ತೇವೆ. ಹೇಳುವವರು ಇದನ್ನು ಪ್ರಶಸ್ತಿ ಪ್ರದಾನದ ಗಾಂಭೀರ್ಯದಲ್ಲಿ ಹೇಳುತ್ತಾರೆ, ಕೇಳಿದವರು ಧನ್ಯವಾದ ಹೇಳಬೇಕೆಂದು ನಿರೀಕ್ಷಿಸುತ್ತಾರೆ. ಇಂಥ ‘ಹಾಗಲ್ಲದವರು’ ಎಷ್ಟು ಸಾವಿರ ಮಂದಿ ಸಿಕ್ಕರೂ ಪಡಿಯಚ್ಚಿಗೆ ಒಂದು ಗೀರೂ ಬೀಳುವುದಿಲ್ಲ.

ಇಷ್ಟಾದರೂ ಸಂಸ್ಥೆಗಳು ಸುಮ್ಮನೆ ಕುಳಿತಿಲ್ಲ. ಅವು ಕಾರ್ಯಾಗಾರಗಳನ್ನು ಏರ್ಪಡಿಸುತ್ತವೆ. ಬೆಳಿಗ್ಗೆ ಪೂರ್ವಗ್ರಹದ ಬಗ್ಗೆ ಉಪನ್ಯಾಸ, ಸಂಜೆ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ, ಕೊನೆಗೆ ಪ್ರಮಾಣಪತ್ರದೊಂದಿಗೆ ಗುಂಪು ಛಾಯಾಚಿತ್ರ. ಆ ಚಿತ್ರದಲ್ಲಿ ‘ಅವರಂಥ’ ಒಬ್ಬರನ್ನು ಎದ್ದು ಕಾಣುವಂತೆ ಮುಂದಿನ ಸಾಲಿಗೆ ಕರೆತಂದು ನಿಲ್ಲಿಸಲಾಗುತ್ತದೆ. ಉಪನ್ಯಾಸ ಕೇಳುವಾಗ ಪ್ರತಿಯೊಬ್ಬರೂ ಇದು ಪಕ್ಕದಲ್ಲಿ ಕುಳಿತವರಿಗೆ ಅತ್ಯಗತ್ಯವಾಗಿತ್ತು ಎಂದುಕೊಳ್ಳುತ್ತಾರೆ; ಮನುಷ್ಯರು ಪಕ್ಷಪಾತಗಳನ್ನು ತಮಗಿಂತ ಇತರರಲ್ಲಿಯೇ ಹೆಚ್ಚಾಗಿ ಕಾಣುತ್ತಾರೆಂದು ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದಾರೆ. ಪ್ರತಿಜ್ಞೆಯ ಫಲ ಇದಕ್ಕಿಂತಲೂ ಸೊಗಸಾದದ್ದು. ಬೆನುವಾ ಮೊನಾಂ ಮತ್ತು ಡೇಲ್ ಮಿಲ್ಲರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಂಗಸರನ್ನು ಕೀಳಾಗಿಸುವ ಹೇಳಿಕೆಗಳನ್ನು ಖಂಡಿಸುವ ಅವಕಾಶ ಮೊದಲು ಸಿಕ್ಕವರು, ಅನಂತರ ಒಂದು ಹುದ್ದೆಗೆ ಗಂಡಸೇ ಲೇಸೆಂದು ಹೇಳಲು ಹೆಚ್ಚು ಸಿದ್ಧರಾಗಿದ್ದರು. ಸಜ್ಜನಿಕೆಯ ರಸೀದಿ ಜೇಬಿನಲ್ಲಿದ್ದ ಮೇಲೆ ಹಿಂಜರಿಕೆ ಏಕೆ?

ಈ ವಿಷಯದಲ್ಲಿ ಮದ್ದು ತೀರಾ ಸರಳವಾಗಿದೆಯೆಂಬುದೇ ಸಮಿತಿಗಳಿಗೆ ಇರುವ ದೊಡ್ಡ ತೊಡಕು. ಉಲ್ಮನ್ ಮತ್ತು ಕೋಹೆನ್ ತಮ್ಮ ಪ್ರಯೋಗದಲ್ಲಿ, ಅಭ್ಯರ್ಥಿ ಗಂಡೋ ಹೆಣ್ಣೋ ಎಂದು ತಿಳಿಯುವ ಮೊದಲೇ ಯಾವ ಅರ್ಹತೆಗೆ ಎಷ್ಟು ಬೆಲೆ ಎಂಬುದನ್ನು ನಿರ್ಧರಿಸಿಬಿಡುವಂತೆ ಕೇಳಿಕೊಂಡಾಗ ಆ ತಾರತಮ್ಯ ಇಲ್ಲವಾಯಿತು. ಅದಕ್ಕೆ ಉಪನ್ಯಾಸ ಬೇಕಾಗಲಿಲ್ಲ, ಒಂದು ಹಾಳೆ ಮತ್ತು ಒಂದು ಪೆನ್ನು ಸಾಕಾಯಿತು. ನಮ್ಮ ಕಲ್ಪನೆಯ ಸಮಿತಿಯಲ್ಲಿಯೂ ಒಬ್ಬ ಕಿರಿಯ ಸದಸ್ಯೆ ಇದನ್ನೇ ಸೂಚಿಸುತ್ತಾರೆ: ಕಡತ ತೆರೆಯುವ ಮೊದಲೇ ಅಂಕಗಳ ಹಂಚಿಕೆಯನ್ನು ಬರೆದು ಎಲ್ಲರೂ ಸಹಿ ಹಾಕೋಣ, ಹೆಸರುಗಳನ್ನು ಮುಚ್ಚಿಡೋಣ. ಅಧ್ಯಕ್ಷರು ಬಹಳ ನೊಂದುಕೊಳ್ಳುತ್ತಾರೆ. ಇಷ್ಟು ವರ್ಷ ನಿಷ್ಪಕ್ಷಪಾತವಾಗಿ ನಡೆದುಬಂದ ಸಮಿತಿಯ ವಿವೇಚನೆಯ ಮೇಲೆ ಇದು ಅಪನಂಬಿಕೆಯಲ್ಲವೇ ಎಂದು ಕೇಳುತ್ತಾರೆ. ಪ್ರಸ್ತಾವವನ್ನು ಮುಂದಿನ ಸಭೆಗೆ ಮುಂದೂಡಿ, ಈ ನಡುವೆ ಇನ್ನೊಂದು ಕಾರ್ಯಾಗಾರ ನಡೆಸುವುದೆಂದು ಸರ್ವಾನುಮತದಿಂದ ಠರಾವಾಗುತ್ತದೆ. ಆ ಸದಸ್ಯೆ ಕೋಣೆಯಿಂದ ಹೊರಗೆ ಹೋದ ಬಳಿಕ, ಅವರ ಕಡೆಯವರೆಲ್ಲ ಹೀಗೆಯೇ, ಕಂಡಲ್ಲೆಲ್ಲ ತಾರತಮ್ಯವನ್ನೇ ಹುಡುಕುತ್ತಾರೆ ಎಂಬ ಅಭಿಪ್ರಾಯ ವ್ಯಕ್ತವಾಗುತ್ತದೆ. ಅದನ್ನು ನಡಾವಳಿಯಲ್ಲಿ ದಾಖಲಿಸುವುದಿಲ್ಲ.